ಭದ್ರೆಯ ಕಾಡಿನಲ್ಲಿ ಹಳೆಯ ಟ್ರಾಮ್ ದಾರಿ ಹುಡುಕುವ ಬಗೆ

ಹಳೆಯ ಟ್ರಾಮ್ ದಾರಿ, ಅಂದರೆ ಕಿರಿದಾದ ಹಳಿಯ ಪುಟ್ಟ ರೈಲಿನ ದಾರಿ, ಹುಡುಕಲು ಹೊರಟವರು ಮೊದಲು ನೆಲದಲ್ಲಿ ಹಳಿ ಅರಸುತ್ತಾರೆ. ಹಳಿ ಸಿಗುವುದಿಲ್ಲ. ದಾರಿ ಮುಚ್ಚಿದ ಮೇಲೆ ಕಬ್ಬಿಣ ಗುಜರಿಗೆ ಹೋಗುತ್ತದೆ, ಹಳಿಯ ಕೆಳಗಿನ ಮರದ ಸ್ಲೀಪರನ್ನು ಗೆದ್ದಲು ತಿನ್ನುತ್ತದೆ. ಉಳಿಯುವುದು ಮಣ್ಣಿನ ಏರಿ, ಗುಡ್ಡ ಕಡಿದ ಜಾಗ, ಹಳ್ಳದ ದಡದ ಕಲ್ಲು ಕಟ್ಟಡ. ಇವು ಒಂದೇ ದಾರಿಯವು ಎಂದು ಹೇಳುವುದು ಇಳಿಜಾರು ಮಾತ್ರ. ನನ್ನ ಕೆಲಸವೆಲ್ಲ ಆ ಇಳಿಜಾರನ್ನು ಅಳೆಯುವುದೇ.

ದಾವಣಗೆರೆಯ ನಮಗೆ ಹತ್ತಿರ ಸಿಗುವುದು ತರೀಕೆರೆ–ನರಸಿಂಹರಾಜಪುರ ಟ್ರಾಮ್‌ನ ಸೀಮೆ. ಬೀರೂರಿನಲ್ಲಿ ರೈಲು ಬದಲಿಸಿದರೆ ತರೀಕೆರೆ. ಆ ಟ್ರಾಮ್‌ನ ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಎರಡು ಅಡಿ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕುಲುಮೆ ಉರಿದದ್ದು ಮರದ ಇದ್ದಿಲಿನಲ್ಲಿ, ಹಾಗಾಗಿ ಸುತ್ತಲಿನ ಕಾಡಿನಿಂದ ಸೌದೆ ಸಾಗಿಸುವುದೇ ದೊಡ್ಡ ಕೆಲಸವಾಗಿತ್ತು. ನದಿಯ ಮಗ್ಗುಲಲ್ಲಿ ಕೆಲಸಕ್ಕೆಂದೇ ಹಳಿ ಹಾಸುವ ರೂಢಿ ನಮ್ಮ ದೇಶದಲ್ಲಿ ಇದಕ್ಕಿಂತ ಬಹಳ ಹಳೆಯದು. 1853ರಲ್ಲಿ ಬೊಂಬಾಯಿ–ಠಾಣೆ ಪ್ರಯಾಣಿಕರ ರೈಲು ಓಡುವ ಮುಂಚೆಯೇ, 1845ರಲ್ಲಿ ಧವಳೇಶ್ವರದ ಗೋದಾವರಿ ಅಣೆಕಟ್ಟಿಗೆ ಕಲ್ಲು, 1851ರಲ್ಲಿ ರೂರ್ಕಿಯ ಸೋಲಾನಿ ಮೇಲ್ಗಾಲುವೆಗೆ ಮಣ್ಣು ಹೊತ್ತದ್ದು ಇಂಥ ಹಳಿಗಳೇ.

ಮನೆಯಲ್ಲೇ ಅರ್ಧ ಕೆಲಸ ಮುಗಿಸಿಕೊಂಡು ಹೊರಡಬೇಕು. ಸರ್ವೆ ಆಫ್ ಇಂಡಿಯಾದ ಹಾಳೆಗಳಲ್ಲಿ ದಾವಣಗೆರೆ ‘48 ಎನ್’ ಹಾಳೆಯಲ್ಲಿದೆ, ತರೀಕೆರೆ ‘48 ಓ’ ಹಾಳೆಯಲ್ಲಿದೆ. ಹಳೆಯ ಮುದ್ರಣ ಸಿಕ್ಕಿದಷ್ಟೂ ಒಳ್ಳೆಯದು. ಅದಕ್ಕಿಂತ ಹೆಚ್ಚು ನೆರವಾಗುವುದು ಭೂಮಾಪನ ಇಲಾಖೆಯ ಗ್ರಾಮ ನಕ್ಷೆ. ಹೊಲಗಳ ನಡುವೆ ಉದ್ದಕ್ಕೆ ಒಂದೇ ಅಗಲದ ಪಟ್ಟಿ ಬಾಗುತ್ತ ಹೋಗಿದ್ದರೆ, ಅದು ಖರಾಬು (ಸಾಗುವಳಿಗೆ ಬಾರದ ನೆಲ) ಎಂದು ದಾಖಲಾಗಿದ್ದರೆ, ಅಲ್ಲಿಗೆ ಹೋಗಿ ನೋಡಲೇಬೇಕು. ಉಪಗ್ರಹ ಚಿತ್ರ ಬಯಲಿನಲ್ಲಿ ಸಾಕು, ಕಾಡಿನ ಮರದ ನೆರಳಿನಲ್ಲಿ ಏನೂ ಕಾಣಿಸದು.

ಸ್ಥಳದಲ್ಲಿ ಬೇಕಾದದ್ದು 25 ಮೀಟರ್ ಲೆವೆಲ್ ಪೈಪು, 20 ಮೀಟರ್ ಹಗ್ಗ, ಟೇಪು, ಸೆಂ.ಮೀ. ಗುರುತು ಹಾಕಿದ ಎರಡು ಕೋಲು. ಗಾರೆಯವರು ಬಳಸುವ ಪಾರದರ್ಶಕ ಪೈಪೇ ಆಗುತ್ತದೆ. ನೀರು ತುಂಬುವಾಗ ಒಂದು ತುದಿಯನ್ನು ಕೊಡದಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ನಿಧಾನವಾಗಿ ಎಳೆದುಕೊಳ್ಳಬೇಕು. ನಡುವೆ ಒಂದು ಗಾಳಿಗುಳ್ಳೆ ನಿಂತರೂ ಲೆಕ್ಕವೆಲ್ಲ ಸುಳ್ಳು. ಅಳೆಯುವ ಮುನ್ನ ಎರಡೂ ತುದಿಯನ್ನು ಒಟ್ಟಿಗೆ ಹಿಡಿದು ನೀರು ಸಮವಾಗಿದೆಯೇ ನೋಡಿಕೊಳ್ಳಿ. ಬಿಸಿಲಲ್ಲಿ ಬಿದ್ದ ಪೈಪನ್ನು ನೆರಳಿಗೆ ತಂದು ಸ್ವಲ್ಪ ಹೊತ್ತು ಬಿಡಿ. ಏರಿಯ ಮೇಲೆ ಎರಡು ಕಡೆ ಕೋಲು ನಿಲ್ಲಿಸಿ, ಪೈಪಿನ ಒಂದೊಂದು ತುದಿಯನ್ನು ಒಂದೊಂದು ಕೋಲಿಗೆ ಹಿಡಿದು, ನೀರು ನಿಂತ ಗುರುತುಗಳ ವ್ಯತ್ಯಾಸ ನೋಡಿ. 20 ಮೀಟರ್ ಅಂತರಕ್ಕೆ 50 ಸೆಂ.ಮೀ. ಇಳಿದಿದ್ದರೆ 40ಕ್ಕೆ 1ರ ಇಳಿಜಾರು, 20 ಸೆಂ.ಮೀ. ಆದರೆ 100ಕ್ಕೆ 1. ಇದೇ ಅಳತೆ ಏರಿಯ ಉದ್ದಕ್ಕೂ ಹೆಚ್ಚು ಏರುಪೇರಿಲ್ಲದೆ ಬರುತ್ತಿದ್ದರೆ ಹಳಿಯ ದಾರಿಯೆಂದು ನಂಬಬಹುದು. ಮೊಬೈಲಿನ ಜಿಪಿಎಸ್ ಹೇಳುವ ಎತ್ತರ ಹಲವು ಮೀಟರ್ ತಪ್ಪುವುದರಿಂದ ಈ ಕೆಲಸಕ್ಕೆ ಬಾರದು.

ಮೋಸ ಮಾಡುವವು ಎರಡು: ಗಾಡಿದಾರಿ ಮತ್ತು ನಾಲೆ. ಗಾಡಿದಾರಿ ಹಳ್ಳ ಬಂದ ಕಡೆ ತಟ್ಟನೆ ಇಳಿದು ಆಚೆ ಏರುತ್ತದೆ. ಎತ್ತಿಗೆ 20ಕ್ಕೆ 1ಕ್ಕಿಂತ ಕಡಿದಾದ ಏರೂ ನಡೆಯುತ್ತದೆ. ಟ್ರಾಮ್ ದಾರಿ ಇಳಿಯುವುದಿಲ್ಲ. ಹಳ್ಳವನ್ನು ಸುತ್ತಿಕೊಂಡು ಮೇಲಕ್ಕೆ ಹೋಗುತ್ತದೆ, ಇಲ್ಲವೇ ಸೇತುವೆ ಕಟ್ಟಿ ದಾಟುತ್ತದೆ. ಆದ್ದರಿಂದ ದಾರಿ ತಪ್ಪಿತು ಅನಿಸಿದಾಗ ನಾನು ಹಳ್ಳಕ್ಕೇ ಹೋಗುತ್ತೇನೆ. ಎರಡೂ ದಡದಲ್ಲಿ ಒಂದೇ ಮಟ್ಟಕ್ಕೆ ಗೋಡೆಯ ತುಂಡು ಇದೆಯೇ, ಕೆಳಗೆ ನೀರಲ್ಲಿ ಕೆತ್ತಿದ ಕಲ್ಲು ಬಿದ್ದಿದೆಯೇ ನೋಡುತ್ತೇನೆ. ನಾಲೆಯದು ಇನ್ನೊಂದು ತರಹ. ಭದ್ರಾ ನಾಲೆಯ ಏರಿ ಮೇಲೆ ಓಡಾಡಿದವರಿಗೆ ಗೊತ್ತು, ಅದರ ಇಳಿಜಾರು ಸಾವಿರಾರು ಅಡಿಗೆ ಒಂದು ಅಡಿ, ಕಣ್ಣಿಗೆ ಮಟ್ಟಸವಾಗಿಯೇ ಕಾಣುತ್ತದೆ. ಸಣ್ಣ ಹಳೆಗಾಲುವೆಯಾದರೆ ಗುದ್ದಲಿಯಲ್ಲಿ ನಾಲ್ಕು ಬೆರಳು ಕೆದಕಿದರೆ ನುಣುಪಾದ ಹೂಳು ಸಿಗುತ್ತದೆ. ಟ್ರಾಮ್ ಏರಿಯಲ್ಲಿ ಜಲ್ಲಿ, ಇದ್ದಿಲು ಪುಡಿ, ಕೆಲವೊಮ್ಮೆ ಎಂಜಿನ್ ಬೂದಿ. ಎರಡು ಅಡಿ ಗೇಜಿನ ಏರಿಯ ತಲೆ ಆರೆಂಟು ಅಡಿಗಿಂತ ಅಗಲ ಇರುವುದು ಅಪರೂಪ.

ತಿರುವನ್ನೂ ಅಳೆಯಿರಿ. ಏರಿಯ ಒಂದೇ ಅಂಚಿಗೆ 20 ಮೀಟರ್ ಹಗ್ಗವನ್ನು ಬಿಗಿಯಾಗಿ ಕಟ್ಟಿ, ನಟ್ಟನಡುವೆ ಹಗ್ಗದಿಂದ ಅಂಚಿಗೆ ಎಷ್ಟು ದೂರ ನೋಡಿ. ಹಗ್ಗದ ಉದ್ದದ ವರ್ಗವನ್ನು ಆ ದೂರದ ಎಂಟರಷ್ಟರಿಂದ ಭಾಗಿಸಿದರೆ ತಿರುವಿನ ತ್ರಿಜ್ಯ. ದೂರ ಒಂದು ಮೀಟರ್ ಬಂದರೆ ತ್ರಿಜ್ಯ 50 ಮೀಟರ್. ಸಣ್ಣ ಗೇಜಿಗೆ ಅದು ಸಹಜ, ಮೀಟರ್ ಗೇಜಿನ ಮುಖ್ಯ ದಾರಿಗೆ ಆಗದ ಮಾತು.

ಕಬ್ಬಿಣ ಸಿಕ್ಕರೆ ಹಳ್ಳಿಯಲ್ಲೇ ಸಿಗುತ್ತದೆ: ಬೇಲಿ ಗೂಟ, ದನದ ಕೊಟ್ಟಿಗೆಯ ತೊಲೆ. ಹಳಿಯ ಎತ್ತರ ಸುಮಾರು 3 ಇಂಚಿದ್ದರೆ ಗಜಕ್ಕೆ 30 ಪೌಂಡಿನ ಹಗುರ ಹಳಿ. ನಾಲ್ಕೂವರೆ ಇಂಚಾದರೆ ಮೀಟರ್ ಗೇಜಿನ 60 ಪೌಂಡಿನದು, ಎಲ್ಲಿಂದಲೋ ಬಂದದ್ದು. ಹಳಿಯ ಮಗ್ಗುಲಲ್ಲಿ ತಯಾರಕರ ಹೆಸರು, ವರ್ಷ ಉಬ್ಬಚ್ಚಾಗಿ ಇರುತ್ತವೆ. ತುಕ್ಕಿನ ಮೇಲೆ ಸೀಮೆಸುಣ್ಣ ಅಡ್ಡಲಾಗಿ ಉಜ್ಜಿದರೆ ಅಕ್ಷರ ಏಳುತ್ತದೆ. ಆದರೆ ಅದು ಹಳಿ ತಯಾರಾದ ವರ್ಷವೇ ಹೊರತು ದಾರಿ ಹಾಕಿದ ವರ್ಷವಲ್ಲ, ಒಂದು ಕಡೆ ಸವೆದ ಹಳಿಯನ್ನು ಇನ್ನೊಂದು ಕಡೆ ಹಾಕುವುದು ಮಾಮೂಲು.

ಹೋಗಲು ಒಳ್ಳೆಯ ಕಾಲ ಫೆಬ್ರವರಿಯಿಂದ ಮೇ. ಹುಲ್ಲು ಒಣಗಿರುತ್ತದೆ, ಬೆಳಗಿನ ಓರೆ ಬಿಸಿಲಿಗೆ ಒಂದು ಗೇಣು ಎತ್ತರದ ಏರಿಯೂ ನೆರಳು ಬಿಡುತ್ತದೆ. ಲಕ್ಕವಳ್ಳಿ ಕಡೆ ಜಲಾಶಯದ ಅಂಚು ನೋಡುವುದಾದರೆ ಪತ್ರಿಕೆಯಲ್ಲಿ ಭದ್ರಾ ಮಟ್ಟ ನೋಡಿಕೊಂಡು ಹೊರಡಿ. ಪೂರ್ಣ ಮಟ್ಟ 186 ಅಡಿ. ಅದು ಇಳಿದಷ್ಟೂ ನೆಲ ತೆರೆಯುತ್ತದೆ. ಕೆಸರು ಮೇಲೆ ಒಣಗಿ ಬಿರಿದಿದ್ದರೂ ಒಳಗೆ ಹಸಿ ಇರುತ್ತದೆ, ಕೋಲು ಊರಿ ನೋಡದೆ ಕಾಲಿಡಬೇಡಿ. ಸುತ್ತಲಿನ ಕಾಡಿನ ಬಹುಭಾಗ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಅರಣ್ಯ ಇಲಾಖೆಯ ಬರಹದ ಅನುಮತಿ ಮತ್ತು ಜೊತೆಗೆ ಅವರ ಸಿಬ್ಬಂದಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಸಿಕ್ಕ ಮೊಳೆ, ಫಿಶ್‌ಪ್ಲೇಟುಗಳನ್ನು (ಹಳಿಗೆ ಹಳಿ ಜೋಡಿಸುವ ಕಬ್ಬಿಣದ ಪಟ್ಟಿ) ಟೇಪಿನ ಜೊತೆ ಫೋಟೊ ತೆಗೆದು, ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಂಡು, ಇದ್ದಲ್ಲೇ ಬಿಡಬೇಕು. ಜಾಗ ಬಿಟ್ಟು ಎತ್ತಿದ ಮೊಳೆ ಯಾವ ದಾರಿಯದು ಎಂದು ಆಮೇಲೆ ಯಾರೂ ಹೇಳಲಾರರು.