ಸ್ಕೈರಿಮ್‌ಗೆ ಎರಡ್ಮೂರು ಲುಕ್ ಇಟ್ಕೊಂಡು ಬೇಕಾದಾಗ ಬದಲಾಯಿಸೋದು ಹೇಗೆ

ಸ್ಕೈರಿಮ್ ಮೂಲ ಆಟ 2011ರದ್ದು, ಸ್ಪೆಷಲ್ ಎಡಿಷನ್ 2016ರದ್ದು, ಇವತ್ತಿಗೂ ಜನ ಅದನ್ನ ಆಡೋದಕ್ಕಿಂತ ಅದಕ್ಕೆ ಮಾಡ್ (ಆಟವನ್ನ ಬದಲಾಯಿಸೋಕೆ ಅಂತ ಆಡೋರೇ ಮಾಡಿರೋ ಫೈಲ್‌ಗಳು) ಜೋಡಿಸ್ಕೊಂಡು ಕೂರೋದೇ ಜಾಸ್ತಿ. ಜೋಡಿಸೋದು ದೊಡ್ಡ ವಿಷ್ಯ ಅಲ್ಲ ಬಿಡಿ, ಬಿಚ್ಚೋದೇ ಕಷ್ಟ. ಸ್ಕ್ರೀನ್‌ಶಾಟ್‌ಗೆ ಅಂತ ಭಾರಿ ಇಎನ್‌ಬಿ (ಬೆಳಕು, ಬಣ್ಣ ಬದಲಾಯಿಸೋ ಗ್ರಾಫಿಕ್ಸ್ ಮಾಡ್) ಹಾಕಿರ್ತೀರ, ಕ್ವೆಸ್ಟ್ ಆಡೋಕೆ ಕೂತಾಗ 25 ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಬರ್ತಿರುತ್ತೆ, ತೆಗಿಯೋಣ ಅಂದ್ರೆ ಯಾವ ಫೈಲ್ ಯಾವ್ದ್ರದ್ದು ಅಂತಾನೇ ಗೊತ್ತಾಗಲ್ಲ, ಕೊನೆಗೆ ಆಟಾನೇ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಮೊದ್ಲಿಂದ ಡೌನ್‌ಲೋಡ್. ಇದ್ಯಾವ್ದೂ ಬೇಕಾಗಿಲ್ಲ. ಭಾರಿ ಲುಕ್ ಒಂದು, ಹಗುರ ಲುಕ್ ಒಂದು, ಎರಡೂ ಒಂದೇ ಕಂಪ್ಯೂಟರಲ್ಲಿ ಇರ್ಬೋದು, ಒಂದು ಕ್ಲಿಕ್ಕಲ್ಲಿ ಬದಲಾಯಿಸ್ಬೋದು.

ಯಾವ ಮಾಡ್ ಆದ್ರೂ ಸರಿ, ಹಾಕೋಕೆ ಮುಂಚೆ ಇದು ಎಲ್ಲಿ ಹೋಗಿ ಕೂರುತ್ತೆ ಅಂತ ಮಾತ್ರ ನೋಡ್ಕೊಳ್ಳಿ. ಜಾಗ ಇರೋದು ಮೂರೇ. ಕೆಲವು ಬರೀ ಚಿತ್ರ, ಮೆಶ್ (ವಸ್ತುಗಳ 3ಡಿ ಆಕಾರ) ಫೈಲ್‌ಗಳು, ಡೇಟಾ ಫೋಲ್ಡರ್ ಒಳಗೆ ಕೂರ್ತವೆ, ಸೇವ್ ಗೇಮ್‌ಗೂ ಅವಕ್ಕೂ ಸಂಬಂಧ ಇಲ್ಲ. ಕೆಲವು ಮಾಡ್ ಜೊತೆ ಇಎಸ್‌ಪಿ ಪ್ಲಗಿನ್ (ಆಟದ ಒಳಗಿನ ಮಾಹಿತಿ ಬದಲಾಯಿಸೋ ಫೈಲ್) ಬರುತ್ತೆ, ಅವು ಸೇವ್ ಜೊತೆ ಅಂಟ್ಕೊಳ್ತವೆ. ಇನ್ನು ಕೆಲವು ಆಟದ ಇಎಕ್ಸ್‌ಇ ಪಕ್ಕದಲ್ಲೇ, ಡೇಟಾ ಫೋಲ್ಡರ್‌ಗೆ ಹೊರಗಡೆ ಕೂರ್ತವೆ. ಮೊದಲನೇ ಥರದ್ದನ್ನ ಯಾವಾಗ ಬೇಕಾದ್ರೂ ಬದಲಾಯಿಸಿ, ಎರಡನೇದಕ್ಕೆ ಹುಷಾರು, ಮೂರನೇದಕ್ಕೆ ಬೇರೆ ದಾರಿ. ಮಾಡ್ ಒಳ್ಳೇದಾ ಕೆಟ್ಟದ್ದಾ ಅನ್ನೋದೆಲ್ಲ ಆಮೇಲಿನ ಮಾತು.

ಮಾಡ್‌ಗಳನ್ನ ನೋಡ್ಕೊಳ್ಳೋ ಮ್ಯಾನೇಜರ್ ಪ್ರೋಗ್ರಾಂ ಯಾವ್ದು ಅಂದ್ರೆ ನನ್ನ ಓಟು ಮಾಡ್ ಆರ್ಗನೈಜರ್ 2ಕ್ಕೆ, ಎಲ್ರೂ ಎಂಓ2 ಅಂತಾರಲ್ಲ ಅದೇ. ವೋರ್ಟೆಕ್ಸ್ ಅನ್ನೋ ಇನ್ನೊಂದು ಮ್ಯಾನೇಜರ್ ಕೆಟ್ಟದ್ದಲ್ಲ, ಅದ್ರಲ್ಲೂ ಪ್ರೊಫೈಲ್ (ಯಾವ ಮಾಡ್ ಆನ್, ಯಾವ್ದು ಆಫ್ ಅನ್ನೋ ಪಟ್ಟಿ) ಇದೆ, ಆದ್ರೆ ಅದು ಫೈಲ್‌ಗಳ ಹಾರ್ಡ್‌ಲಿಂಕ್‌ನ (ಅದೇ ಫೈಲ್‌ಗೆ ಇನ್ನೊಂದು ಹೆಸರು) ನಿಜವಾಗ್ಲೂ ಡೇಟಾ ಫೋಲ್ಡರ್ ಒಳಗೇ ತಂದು ಇಡುತ್ತೆ, ಪ್ರೊಫೈಲ್ ಬದಲಾಯಿಸಿದಾಗ್ಲೆಲ್ಲ ತೆಗ್ದು ಮತ್ತೆ ಇಡ್ಬೇಕು, ಮಾಡ್ ಜಾಸ್ತಿ ಇದ್ರೆ ಕಾಯ್ಬೇಕಾಗುತ್ತೆ. ಎಂಓ2 ಡೇಟಾ ಫೋಲ್ಡರನ್ನ ಮುಟ್ಟೋದೇ ಇಲ್ಲ, ಪ್ರತಿ ಮಾಡನ್ನೂ ಅದರದ್ದೇ ಫೋಲ್ಡರಲ್ಲಿ ಇಟ್ಟು, ಆಟ ಓಡುವಾಗ ಮಾತ್ರ ಎಲ್ಲಾ ಡೇಟಾ ಒಳಗೇ ಇದೆ ಅಂತ ಆಟಕ್ಕೆ ತೋರಿಸುತ್ತೆ. ಅದಕ್ಕೇ ಪ್ರೊಫೈಲ್ ಬದಲಾಯಿಸೋಕೆ ಸಮಯಾನೇ ಹಿಡಿಯಲ್ಲ, ಒಂದೇ ಮಾಡ್ ನಾಲ್ಕು ಪ್ರೊಫೈಲಲ್ಲಿ ಇದ್ರೂ ಡಿಸ್ಕಲ್ಲಿ ಒಂದೇ ಕಾಪಿ. ಆದ್ರೆ ಆಟನ ಯಾವಾಗ್ಲೂ ಎಂಓ2 ಒಳಗಿಂದಾನೇ ಶುರು ಮಾಡ್ಬೇಕು, ಸ್ಟೀಮಲ್ಲಿ ಪ್ಲೇ ಒತ್ತಿದ್ರೆ ಒಂದು ಮಾಡೂ ಕಾಣಲ್ಲ.

ಶುರು ಮಾಡೋಕೆ ಮುಂಚೆ ಎರಡು ಕೆಲ್ಸ. ಸ್ಟೀಮ್ ಲೈಬ್ರರಿನ ಪ್ರೋಗ್ರಾಂ ಫೈಲ್ಸ್ ಒಳಗೆ ಇಡ್ಬೇಡಿ, ಬೇರೆ ಕಡೆ ಇಡಿ, ವಿಂಡೋಸ್ ಅಲ್ಲಿ ಪರ್ಮಿಷನ್ ಕಿರಿಕಿರಿ ಮಾಡುತ್ತೆ. ಆಮೇಲೆ ಸ್ಟೀಮಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ, ಆಟ ಲಾಂಚ್ ಮಾಡಿದಾಗ ಮಾತ್ರ ಅಪ್‌ಡೇಟ್ ಮಾಡು ಅನ್ನೋ ಆಯ್ಕೆ ಹಾಕಿ. ಎಸ್‌ಕೆಎಸ್‌ಇ (ಎಷ್ಟೋ ಮಾಡ್‌ಗಳಿಗೆ ಬೇಕಾಗೋ ಸ್ಕ್ರಿಪ್ಟ್ ಎಕ್ಸ್‌ಟೆಂಡರ್) ಆಟದ ವರ್ಷನ್‌ಗೆ ಸರಿಯಾಗಿ ಹೊಂದ್ಬೇಕು, 1.5.97ಕ್ಕೆ ಮಾಡಿರೋದು 1.6.1170ಕ್ಕೆ ಆಗಲ್ಲ, ರಾತ್ರೋರಾತ್ರಿ ಅಪ್‌ಡೇಟ್ ಆಗ್ಬಿಟ್ರೆ ಬೆಳಿಗ್ಗೆ ಅರ್ಧ ಮಾಡ್ ಕೆಲ್ಸ ಮಾಡಲ್ಲ.

ಈಗ ಪ್ರೊಫೈಲ್. ಎಂಓ2ದಲ್ಲಿ ಎಡಗಡೆ ಲಿಸ್ಟ್ ಮೇಲೆ ಪ್ರೊಫೈಲ್ ಡ್ರಾಪ್‌ಡೌನ್ ಇದೆ, ಅಲ್ಲೇ ಮ್ಯಾನೇಜ್ ಅಂತ ಸಿಗುತ್ತೆ. ಮೊದ್ಲು ಬರೀ ಬಗ್ ಫಿಕ್ಸ್, ಎಸ್‌ಕೆಎಸ್‌ಇ ಪ್ಲಗಿನ್ಸ್, ಯುಐ, ಗೇಮ್‌ಪ್ಲೇ ಮಾಡ್‌ಗಳು ಮಾತ್ರ ಇರೋ ಒಂದು ಪ್ರೊಫೈಲ್ ಮಾಡಿ, ಅದು ಓಡುತ್ತಾ ಅಂತ ನೋಡಿ, ಅದನ್ನ ಮುಟ್ಬೇಡಿ ಇನ್ಮೇಲೆ. ಅದನ್ನೇ ಕಾಪಿ ಮಾಡಿ "ಹಗುರ" ಅಂತ ಒಂದು, "ಭಾರಿ" ಅಂತ ಇನ್ನೊಂದು. ಪ್ರತಿ ಪ್ರೊಫೈಲ್‌ಗೂ ಬೇರೆ ಐಎನ್‌ಐ (ಆಟದ ಸೆಟ್ಟಿಂಗ್) ಫೈಲ್ ಅನ್ನೋ ಟಿಕ್ ಹಾಕ್ಲೇಬೇಕು, ಯಾಕಂದ್ರೆ ನೆರಳಿನ ರೆಸಲ್ಯೂಷನ್, ಹುಲ್ಲಿನ ದೂರ ಎಲ್ಲಾ ಅದ್ರಲ್ಲೇ ಇರೋದು. ಸೇವ್ ಗೇಮ್ ಬೇರೆ ಇಡ್ಬೇಕಾ ಅನ್ನೋದು ನೀವು ಏನು ಬದಲಾಯಿಸ್ತೀರ ಅನ್ನೋದರ ಮೇಲೆ, ಅದಕ್ಕೆ ಆಮೇಲೆ ಬರ್ತೀನಿ. ಲಿಸ್ಟಲ್ಲಿ ಸೆಪರೇಟರ್ (ಗುಂಪಿನ ತಲೆಬರಹ) ಹಾಕಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ), ಹವಾಮಾನ, ಲೈಟಿಂಗ್, ಹುಲ್ಲು-ಮರ, ಇಎನ್‌ಬಿ ಅಂತ ಗುಂಪು ಮಾಡ್ಕೊಳ್ಳಿ, ಆರು ತಿಂಗಳಾದ್ಮೇಲೆ ನಿಮಗೇ ಅನುಕೂಲ.

ಒಂದು ಬಲೆ ಇದೆ, ತುಂಬಾ ಜನಕ್ಕೆ ಗೊತ್ತಿರಲ್ಲ. ಐಎನ್‌ಐ, ಸೇವ್ ಬಿಟ್ರೆ ಟಿಕ್ ಮಾರ್ಕ್, ಆರ್ಡರ್ ಇವೆರಡು ಮಾತ್ರ ಪ್ರೊಫೈಲ್‌ಗೆ ಬೇರೆ ಬೇರೆ, ಮಾಡ್ ಒಳಗಿನ ಫೈಲ್‌ಗಳು ಎಲ್ಲಾ ಪ್ರೊಫೈಲ್‌ಗೂ ಒಂದೇ. ಅಂದ್ರೆ "ಭಾರಿ" ಪ್ರೊಫೈಲಲ್ಲಿ ಕೂತು ಒಂದು ಮಾಡ್‌ನ ಸೆಟ್ಟಿಂಗ್ ಫೈಲ್ ತಿದ್ದಿದ್ರೆ "ಹಗುರ"ದಲ್ಲೂ ಅದೇ ಬದಲಾಗಿರುತ್ತೆ. ಆಟ ಓಡುವಾಗ ಬರೆಯೋ ಹೊಸ ಫೈಲ್‌ಗಳು ಬಂದು ಬೀಳೋ ಓವರ್‌ರೈಟ್ ಫೋಲ್ಡರ್ ಕಥೆನೂ ಇದೇ. ಅದಕ್ಕೆ ಪ್ರತಿ ಲುಕ್‌ಗೂ "ಹಗುರ ಸೆಟ್ಟಿಂಗ್ಸ್", "ಭಾರಿ ಸೆಟ್ಟಿಂಗ್ಸ್" ಅಂತ ಒಂದೊಂದು ಖಾಲಿ ಮಾಡ್ ಮಾಡಿ, ಆಟ ಬರ್ದ ಫೈಲ್‌ಗಳನ್ನ ಓವರ್‌ರೈಟಿಂದ ಎಳ್ಕೊಂಡು ಅದ್ರೊಳಗೆ ಹಾಕಿ, ಲಿಸ್ಟಲ್ಲಿ ಎಲ್ಲಕ್ಕಿಂತ ಕೆಳಗಿಡಿ. ಕೆಳಗಿರೋದೇ ಗೆಲ್ಲೋದು.

ಟೆಕ್ಸ್‌ಚರ್‌ಗೂ ಅದೇ ನಿಯಮ, ಎಡಗಡೆ ಲಿಸ್ಟಲ್ಲಿ ಕೆಳಗಿರೋದು ಮೇಲಿಂದನ್ನ ಮುಚ್ಚುತ್ತೆ. ಹಾಗಾಗಿ ದೊಡ್ಡ ಪ್ಯಾಕ್ ಮೇಲೆ, ಸಣ್ಣದು ಕೆಳಗೆ. ಎಸ್‌ಎಂಐಎಂ (ನೂರಾರು ವಸ್ತುಗಳ ಆಕಾರ ಸುಧಾರಿಸೋ ದೊಡ್ಡ ಮಾಡ್) ಥರದ್ದು ಮೊದ್ಲು, ಅದರ ಕೆಳಗೆ ಊರು-ಕೋಟೆಗಳ ಪ್ಯಾಕ್, ಬರೀ ಬಾಗಿಲು ಬದಲಾಯಿಸೋ ಮಾಡ್ ಇದ್ರೆ ಕೊನೆಗೆ. ಬಲಗಡೆ ಲಿಸ್ಟ್ ಪ್ಲಗಿನ್‌ಗಳದ್ದು, ಅದು ಬೇರೆ ವ್ಯವಹಾರ, ಎರಡನ್ನೂ ಕಲಸ್ಬೇಡಿ.

4ಕೆ ಟೆಕ್ಸ್‌ಚರ್ ಹುಚ್ಚು ಇರೋರು ಒಂದು ಲೆಕ್ಕ ನೋಡಿ. ಬಿಸಿ7 ಅನ್ನೋ ಟೆಕ್ಸ್‌ಚರ್ ಕಂಪ್ರೆಷನ್ ಫಾರ್ಮ್ಯಾಟಲ್ಲಿ ಒಂದು ಪಿಕ್ಸೆಲ್‌ಗೆ ಒಂದು ಬೈಟ್, 2048 x 2048 ಅಂದ್ರೆ 4 ಎಂಬಿ, ಮಿಪ್‌ಮ್ಯಾಪ್ (ದೂರದಿಂದ ತೋರಿಸೋಕೆ ಇರೋ ಸಣ್ಣ ಕಾಪಿಗಳು) ಸೇರಿ ಸುಮಾರು 5.3 ಎಂಬಿ. 4096 x 4096 ಆದ್ರೆ 16 ಎಂಬಿ, ಮಿಪ್‌ಮ್ಯಾಪ್ ಸೇರಿ 21 ದಾಟುತ್ತೆ. ನಾಲ್ಕು ಪಟ್ಟು. ಅದೂ ಬಣ್ಣದ ಫೈಲ್ ಒಂದೇ ಅಲ್ಲ, ಜೊತೆಗೆ ಉಬ್ಬುತಗ್ಗು ತೋರಿಸೋ ನಾರ್ಮಲ್ ಮ್ಯಾಪ್ ಬೇರೆ. 4 ಜಿಬಿ ವಿಡಿಯೋ ಮೆಮೊರಿ ಲ್ಯಾಪ್‌ಟಾಪಲ್ಲಿ ಇದನ್ನ ತುಂಬಿದ್ರೆ ತಿರುಗಿದಾಗ್ಲೆಲ್ಲ ಆಟ ಜರ್ಕ್ ಹೊಡಿಯುತ್ತೆ, ಎಫ್‌ಪಿಎಸ್ ಕೌಂಟರ್ ಮಾತ್ರ ಚೆನ್ನಾಗೇ ತೋರಿಸ್ತಿರುತ್ತೆ. ಟಾಸ್ಕ್ ಮ್ಯಾನೇಜರಲ್ಲಿ ಜಿಪಿಯು ಮೆಮೊರಿ ತುಂಬಿದ್ಯಾ ಅಂತ ನೋಡಿ. ನನ್ನ ಪ್ರಕಾರ ನೆಲ, ಬೆಟ್ಟ ಬಿಟ್ರೆ ಬೇರೆ ಯಾವ್ದಕ್ಕೂ 4ಕೆ ಬೇಡ, ಕುಂಬಳಕಾಯಿಗೆಲ್ಲ 4ಕೆ ಹಾಕಿರೋ ಮಾಡ್‌ಗಳಿವೆ, ಯಾರು ನೋಡ್ತಾರೆ ಅಷ್ಟು ಹತ್ರದಿಂದ. ಹಗುರ ಪ್ರೊಫೈಲ್‌ಗೆ ಅದೇ ಪ್ಯಾಕ್‌ನ 2ಕೆ ಅಥವಾ 1ಕೆ ಇಳಿಸ್ಕೊಳ್ಳಿ, ಟೆಕ್ಸ್‌ಚರ್‌ಗೆ ಪ್ಲಗಿನ್ ಇಲ್ದಿರೋದ್ರಿಂದ ಎರಡು ಪ್ರೊಫೈಲಲ್ಲೂ ಒಂದೇ ಸೇವ್ ಆಡ್ಬೋದು.

ಪ್ಲಗಿನ್ ಇರೋದು ಅಂದ್ರೆ ಹವಾಮಾನ, ಒಳಾಂಗಣ ಲೈಟಿಂಗ್, ಹುಲ್ಲು, ಮರ ಇಂಥವು. ಮೊರೊವಿಂಡ್ ಆಟದಿಂದ ಇವತ್ತಿನವರೆಗೂ ಬೆಥೆಸ್ಡ ಆಟಗಳಲ್ಲಿ ಸೇವ್ ಫೈಲ್ ತಾನು ಯಾವ ಪ್ಲಗಿನ್ ಜೊತೆ ಆಡ್ತಿದ್ದೆ ಅಂತ ನೆನಪಿಟ್ಕೊಳ್ಳುತ್ತೆ, ಒಂದು ಕಾಣೆಯಾದ್ರೆ ಕೇಳುತ್ತೆ. ಹವಾಮಾನದ ಮಾಡಲ್ಲಿ ಸ್ಕ್ರಿಪ್ಟ್ ಇಲ್ದಿದ್ರೆ ಬದಲಾಯಿಸೋದು ಅಷ್ಟೇನೂ ಅಪಾಯ ಅಲ್ಲ, ಆದ್ರೂ ಯಾವ್ದಾದ್ರೂ ಮನೆ ಒಳಗೆ ಹೋಗಿ ಸೇವ್ ಮಾಡಿ ಆಮೇಲೆ ಬದಲಾಯಿಸಿ, ಬಯಲಲ್ಲಿ ಮಳೆ ಬರ್ತಿರುವಾಗ ಸೇವ್ ಮಾಡಿ ಆ ಮಳೆನೇ ಕಿತ್ತಾಕಿದ್ರೆ ಆಕಾಶ ವಿಚಿತ್ರವಾಗಿ ಕಾಣ್ಬೋದು. ಸ್ಕ್ರಿಪ್ಟ್ ಇರೋದನ್ನ, ಊರಲ್ಲಿ ಹೊಸ ವಸ್ತು ಇಡೋದನ್ನ ಅರ್ಧ ಆಟದಲ್ಲಿ ತೆಗೀಬೇಡಿ. ಅಂಥದ್ದು ಬೇಕೇ ಬೇಕು ಅಂದ್ರೆ ಆ ಪ್ರೊಫೈಲ್‌ಗೆ ಸೇವ್ ಬೇರೆ ಇಡೋ ಟಿಕ್ ಹಾಕಿ ಹೊಸ ಕ್ಯಾರೆಕ್ಟರ್ ಶುರು ಮಾಡಿ. ಡಿನ್‌ಡಿಒಎಲ್‌ಒಡಿ ಹಾಕೋರು ಇನ್ನೊಂದು ನೋಡ್ಬೇಕು, ಅದು ಹತ್ರದ ಮರ ನೋಡ್ಕೊಂಡು ದೂರದ ಮರ ತಯಾರು ಮಾಡುತ್ತೆ, ಮರದ ಮಾಡ್ ಬದಲಾಯಿಸಿದ್ರೆ ಮತ್ತೆ ಮೊದ್ಲಿಂದ ಓಡಿಸ್ಬೇಕು, ಇಲ್ಲಾಂದ್ರೆ ದೂರದಲ್ಲಿ ಒಂದು ಜಾತಿ ಮರ, ಹತ್ರ ಹೋದ್ರೆ ಇನ್ನೊಂದು ಜಾತಿ. ಅದಕ್ಕೇ ಮರದ ಮಾಡ್ ಎರಡೂ ಲುಕ್‌ಗೆ ಒಂದೇ ಇಟ್ಬಿಡಿ, ತಲೆನೋವಿಲ್ಲ.

ಇನ್ನು ಇಎನ್‌ಬಿ. ಇದರ ಮುಖ್ಯ ಫೈಲ್‌ಗಳು ಮಾಡ್‌ಗಳು ಸಿಗೋ ನೆಕ್ಸಸ್ ಸೈಟಲ್ಲಿ ಸಿಗಲ್ಲ, ಇಎನ್‌ಬಿಡೆವ್ ಸೈಟಿಂದಾನೇ ತರ್ಬೇಕು, ಅದ್ರಲ್ಲಿ ರ್‍ಯಾಪರ್ ವರ್ಷನ್ ಫೋಲ್ಡರಲ್ಲಿರೋ ಎರಡು ಡಿಎಲ್‌ಎಲ್ ಬೇಕು, ಡಿ3ಡಿ11 ಅನ್ನೋದು, ಡಿ3ಡಿಕಂಪೈಲರ್_46ಇ ಅನ್ನೋದು. ಪ್ರೀಸೆಟ್ (ಇಎನ್‌ಬಿಗೆ ಯಾರಾದ್ರೂ ರೆಡಿ ಮಾಡಿಟ್ಟ ಸೆಟ್ಟಿಂಗ್‌ಗಳು) ಮಾತ್ರ ನೆಕ್ಸಸಿಂದ. ಇವೆಲ್ಲ ಕೂರೋದು ಆಟದ ಇಎಕ್ಸ್‌ಇ ಪಕ್ಕ, ಎಂಓ2 ಬರೀ ಡೇಟಾ ಫೋಲ್ಡರನ್ನ ನೋಡ್ಕೊಳ್ಳೋದ್ರಿಂದ ಪ್ರೊಫೈಲ್ ಬದಲಾಯಿಸಿದ್ರೂ ಇಎನ್‌ಬಿ ಅಲ್ಲೇ ಇರುತ್ತೆ. ಹಗುರ ಪ್ರೊಫೈಲ್ ಹಾಕಿದ್ರೂ ಯಾಕೆ ಸ್ಲೋ ಅಂತ ಕೇಳೋರಿಗೆ ಮುಕ್ಕಾಲುಪಾಲು ಉತ್ತರ ಇದೇ.

ಪರಿಹಾರ ರೂಟ್ ಬಿಲ್ಡರ್ ಅಂತ ಎಂಓ2ಕ್ಕೆ ಒಂದು ಪ್ಲಗಿನ್. ಅದನ್ನ ಎಂಓ2ದ ಪ್ಲಗಿನ್ಸ್ ಫೋಲ್ಡರ್‌ಗೆ ಹಾಕಿ. ಆಮೇಲೆ ಒಂದು ಖಾಲಿ ಮಾಡ್ ಮಾಡಿ, ಅದ್ರೊಳಗೆ "ರೂಟ್" ಅಂತ ಫೋಲ್ಡರ್ (ಇಂಗ್ಲಿಷ್ ಅಕ್ಷರದಲ್ಲೇ), ಅದ್ರೊಳಗೆ ಆ ಡಿಎಲ್‌ಎಲ್‌ಗಳು, ಪ್ರೀಸೆಟ್‌ನ ಐಎನ್‌ಐಗಳು, ಇಎನ್‌ಬಿಸೀರೀಸ್ ಫೋಲ್ಡರ್ ಎಲ್ಲಾ. ಆಟ ಶುರುವಾದಾಗ ತಾನೇ ಇಟ್ಟು, ಮುಗ್ದಾಗ ತಾನೇ ತೆಗಿಯುತ್ತೆ, ಆಟದ ಫೋಲ್ಡರ್ ಕ್ಲೀನಾಗಿರುತ್ತೆ. ಮೋಡ್ ಯಾವ್ದು ಅಂತ ಕೇಳಿದ್ರೆ ಕಾಪಿ ಸಾಕು. ಈಗ ಇಎನ್‌ಬಿನೂ ಬೇರೆ ಮಾಡ್ ಥರಾನೇ ಒಂದು ಟಿಕ್ ಮಾರ್ಕ್. ಇದೆಲ್ಲ ಬೇಡ ಅನ್ನೋರು ಆ ಡಿ3ಡಿ11 ಫೈಲ್ ಹೆಸರು ಬದಲಾಯಿಸಿದ್ರೂ ಇಎನ್‌ಬಿ ಆಫ್ ಆಗುತ್ತೆ. ಆಟದೊಳಗೆ ಶಿಫ್ಟ್ ಎಫ್12 ಒತ್ತಿದ್ರೂ ಎಫೆಕ್ಟ್ ನಿಲ್ಲುತ್ತೆ, ಹೋಲಿಸಿ ನೋಡೋಕೆ ಅದು ಸರಿ, ಇಎನ್‌ಬಿ ಮಾತ್ರ ಮೆಮೊರಿಯಲ್ಲಿ ಲೋಡ್ ಆಗೇ ಇರುತ್ತೆ.

ಪ್ರೀಸೆಟ್ ಆರಿಸುವಾಗ ಅದು ಯಾವ ಹವಾಮಾನದ ಮಾಡ್‌ಗೆ ಮಾಡಿದ್ದು ಅಂತ ಪೇಜಲ್ಲಿ ಬರ್ದಿರ್ತಾರೆ, ಅದನ್ನೇ ಹಾಕಿ. ಪ್ರೀಸೆಟ್ ಒಳಗೆ ಪ್ರತಿ ಹವಾಮಾನದ ಐಡಿಗೂ ಬೇರೆ ಫೈಲ್ ಇರುತ್ತೆ, ಬೇರೆ ಮಾಡ್ ಹಾಕಿದ್ರೆ ಐಡಿ ಹೊಂದಲ್ಲ, ರಾತ್ರಿ ಕಗ್ಗತ್ತಲು, ಮಧ್ಯಾಹ್ನ ಕಣ್ಣು ಕುಕ್ಕೋ ಬಿಳಿ. ಇಎನ್‌ಬಿ ಜೊತೆ ರೀಶೇಡ್ (ಚಿತ್ರದ ಮೇಲೆ ಎಫೆಕ್ಟ್ ಹಾಕೋ ಇನ್ನೊಂದು ಪ್ರೋಗ್ರಾಂ) ಕೂಡ ಹಾಕೋರಿದಾರೆ, ಅದು ಡಿಎಕ್ಸ್‌ಜಿಐ ಅನ್ನೋ ಡಿಎಲ್‌ಎಲ್ ಹೆಸರಲ್ಲಿ ಕೂರೋದ್ರಿಂದ ಎರಡಕ್ಕೂ ಜಗಳ ಇಲ್ಲ, ಆದ್ರೆ ಎರಡ್ರಲ್ಲೂ ಬ್ಲೂಮ್, ಶಾರ್ಪನಿಂಗ್ ಆನ್ ಮಾಡಿದ್ರೆ ಅತ್ತೆನೂ ಸೊಸೆನೂ ಬೇರೆ ಬೇರೆ ಉಪ್ಪು ಹಾಕಿದ ಸಾರು ಆಗುತ್ತೆ.

ಹಗುರ ಲುಕ್‌ಗೆ ನಾನು ಹೇಳೋದು ಕಮ್ಯುನಿಟಿ ಶೇಡರ್ಸ್. ಇದು ಎಸ್‌ಕೆಎಸ್‌ಇ ಪ್ಲಗಿನ್ ಥರ ಡೇಟಾ ಒಳಗೇ ಕೂರುತ್ತೆ, ಹಾಗಾಗಿ ಎಂಓ2 ಟಿಕ್ಕಲ್ಲೇ ಆನ್ ಆಫ್, ರೂಟ್ ಬಿಲ್ಡರ್ ಕೂಡ ಬೇಡ. ಹುಲ್ಲಿಗೆ ಬೆಳಕು, ಮಳೇಲಿ ನೆಲ ಒದ್ದೆಯಾಗೋದು, ಹೆಚ್ಚು ದೀಪಗಳು, ಎಲ್ಲಾ ಬಿಡಿ ಬಿಡಿ ಫೀಚರ್, ಬೇಕಾದ್ದು ಹಾಕಿ. ಇಎನ್‌ಬಿ ಜೊತೆ ಮಾತ್ರ ಓಡಲ್ಲ, ಒಂದು ಪ್ರೊಫೈಲಲ್ಲಿ ಒಂದೇ. ಮೊದಲ ಸಲ ಶೇಡರ್ ಕಂಪೈಲ್ ಆಗೋಕೆ ಹೊತ್ತು ಹಿಡಿಯುತ್ತೆ, ಹ್ಯಾಂಗ್ ಆಯ್ತು ಅಂತ ಮುಚ್ಬೇಡಿ. ಆ ಕ್ಯಾಶ್, ಸೆಟ್ಟಿಂಗ್ ಫೈಲ್ ಎಲ್ಲಾ ಓವರ್‌ರೈಟ್‌ಗೆ ಬರುತ್ತೆ, ಮೇಲೆ ಹೇಳಿದ "ಹಗುರ ಸೆಟ್ಟಿಂಗ್ಸ್" ಮಾಡ್ ಇರೋದೇ ಇದಕ್ಕೆ.

ಎರಡು ಲುಕ್ ಹೋಲಿಸುವಾಗ ಒಂದರಲ್ಲಿ ಬೆಳಿಗ್ಗೆ, ಇನ್ನೊಂದರಲ್ಲಿ ಸಂಜೆ ನೋಡಿ ಇದು ಚೆನ್ನಾಗಿದೆ ಅನ್ನೋದ್ರಲ್ಲಿ ಅರ್ಥ ಇಲ್ಲ. ಕನ್ಸೋಲ್ (ಆಟದೊಳಗೆ ಕಮಾಂಡ್ ಟೈಪ್ ಮಾಡೋ ಜಾಗ) ತೆಗ್ದು ಸಿಒಸಿ ರಿವರ್‌ವುಡ್ ಅಂತ ಹೊಡಿರಿ, ನೇರ ಆ ಊರಿಗೆ ಹೋಗ್ತೀರ, ಸೆಟ್ ಗೇಮ್‌ಅವರ್ ಟು 12 ಅಂತ ಮಧ್ಯಾಹ್ನ ಮಾಡಿ, ಎಫ್‌ಡಬ್ಲ್ಯೂ 81ಎ ಅಂದ್ರೆ ಮೂಲ ಆಟದ ತಿಳಿ ಆಕಾಶ ಬರುತ್ತೆ, ಟಿಎಫ್‌ಸಿ 1 ಹೊಡೆದ್ರೆ ಸಮಯ ನಿಂತು ಕ್ಯಾಮೆರಾ ಮಾತ್ರ ಓಡಾಡುತ್ತೆ. ಅಕ್ಷರ ಎಲ್ಲಾ ಇಂಗ್ಲಿಷಲ್ಲೇ ಟೈಪ್ ಮಾಡ್ಬೇಕು, ಗೊತ್ತಲ್ವಾ. ಇದೇ ಥರ ರಾತ್ರಿ ಒಂದ್ಸಲ, ಗುಹೆ ಒಳಗೊಂದ್ಸಲ ನೋಡಿ, ಹಗಲಲ್ಲಿ ಸೂಪರ್ ಅನ್ನಿಸೋ ಎಷ್ಟೋ ಪ್ರೀಸೆಟ್ ಗುಹೇಲಿ ಏನೂ ಕಾಣಿಸಲ್ಲ. ಈ ಟೆಸ್ಟ್‌ನ ನಿಮ್ಮ ನಿಜವಾದ ಸೇವ್ ಮೇಲೆ ಮಾಡ್ಬೇಡಿ, ಮೇನ್ ಮೆನುವಿಂದಾನೇ ಸಿಒಸಿ ಮಾಡ್ಬೋದು.

ಎಲ್ಲಾ ಸೆಟ್ ಆದ್ಮೇಲೆ ಪ್ರತಿ ಸಲ ಎಂಓ2 ತೆಗ್ದು ಡ್ರಾಪ್‌ಡೌನ್ ಒತ್ತೋದು ಬೇಜಾರು ಅಂದ್ರೆ ಡೆಸ್ಕ್‌ಟಾಪಲ್ಲಿ ಎಂಓ2 ಶಾರ್ಟ್‌ಕಟ್ ಎರಡು ಮಾಡಿ, ಪ್ರಾಪರ್ಟೀಸಲ್ಲಿ ಟಾರ್ಗೆಟ್ ಕೊನೆಗೆ ಡ್ಯಾಶ್ ಪಿ ಹಾಕಿ ಪ್ರೊಫೈಲ್ ಹೆಸರು ಬರೀರಿ, ಒಂದಕ್ಕೆ ಹಗುರ ಇನ್ನೊಂದಕ್ಕೆ ಭಾರಿ, ಪ್ರೊಫೈಲ್ ಹೆಸರನ್ನ ಇದಕ್ಕಾಗಿ ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಇಟ್ಕೊಂಡಿರಿ. ಹೊಸ ಮಾಡ್ ಯಾವ್ದಾದ್ರೂ ಆಸೆ ಆದ್ರೆ ಅದಕ್ಕೊಂದು "ಟೆಸ್ಟ್" ಪ್ರೊಫೈಲ್ ಕಾಪಿ ಮಾಡಿ ಅಲ್ಲಿ ಹಾಕಿ ನೋಡಿ, ಇಷ್ಟ ಆಗ್ಲಿಲ್ಲ ಅಂದ್ರೆ ಪ್ರೊಫೈಲನ್ನೇ ಡಿಲೀಟ್ ಮಾಡಿ.