ವಾಲಿಬಾಲಲ್ಲಿ ಕಾಲು ಹಾಕ್ಬಹುದಾ? ನಾನು ಕಲಿತದ್ದು, ಹುಡುಗ್ರಿಗೆ ಕಲಿಸಿದ್ದು

ಹಾಕ್ಬಹುದು, ಫೌಲ್ ಅಲ್ಲ. ಇದನ್ನು ಮೊದಲೇ ಹೇಳಿಬಿಡ್ತೇನೆ, ಯಾಕಂದ್ರೆ ಉಡುಪಿ ಮಂಗಳೂರು ಕಡೆ ಹೊನಲು ಬೆಳಕಿನ ಪಂದ್ಯಾಟ ನೋಡ್ಲಿಕ್ಕೆ ಹೋದ್ರೆ ಈ ಗಲಾಟೆ ಆಗಾಗ ಆಗ್ತದೆ. ಹುಡುಗ ಎಲ್ಲಿಂದಲೋ ಓಡಿ ಬಂದು ನೆಲ ಮುಟ್ಲಿಕ್ಕೆ ಹೊರಟ ಬಾಲನ್ನು ಕಾಲಲ್ಲಿ ಎತ್ತಿದ ಕೂಡ್ಲೇ ಆಚೆ ಟೀಮಿನವರು ಆಟ ನಿಲ್ಲಿಸಿ ಕೈ ಎತ್ತಿ ಬೊಬ್ಬೆ ಹೊಡೀತಾರೆ, ಅಂಪೈರ್ ಸ್ವಲ್ಪ ಅನುಮಾನದಲ್ಲಿದ್ರೆ ಸೀಟಿ ಊದಿ ಪಾಯಿಂಟ್ ಆಚೆ ಕೊಟ್ಟೇಬಿಡ್ತಾರೆ. ಅಷ್ಟು ಒಳ್ಳೆ ಡಿಫೆನ್ಸ್ ಮಾಡಿದ ಹುಡುಗನ ಮುಖ ನೋಡ್ಬೇಕು ಆಗ, ನನಗೆ ಹೊಟ್ಟೆ ಉರೀತದೆ.

ರೂಲ್ ಬುಕ್ಕಲ್ಲಿ ಸ್ಪಷ್ಟ ಉಂಟು. ಎಫ್‌ಐವಿಬಿ (ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಶನ್) ನಿಯಮ 9.2.1, ಬಾಲ್ ದೇಹದ ಯಾವ ಭಾಗಕ್ಕೆ ಬೇಕಾದ್ರೂ ತಾಗಬಹುದು. ಹಿಂದೆ ಹಾಗಿರ್ಲಿಲ್ಲ, ಒಂದು ಕಾಲದಲ್ಲಿ ಸೊಂಟದಿಂದ ಮೇಲೆ ಮಾತ್ರ ಅಂತಿತ್ತು, ಆಮೇಲೆ ಮೊಣಕಾಲಿನ ಮೇಲೆ ಅಂತ ಆಯ್ತು, 1994ರಲ್ಲಿ ಪಾದದವರೆಗೂ ಒಪ್ಪಿ 1995ರಿಂದ ಜಾರಿಗೆ ತಂದ್ರು. ನಮ್ಮ ಊರಲ್ಲಿ ಆಟ ಕಲಿಸಿದ ಹಿರಿಯರು ಹೆಚ್ಚಿನವರು ಅದಕ್ಕಿಂತ ಮುಂಚೆ ಆಡಿದವರು, ಅವರು ಹೇಳಿಕೊಟ್ಟದ್ದು ಹಾಗೇ ಬಾಯಿಂದ ಬಾಯಿಗೆ ಬಂದಿದೆ. ಆದ್ರೆ ಒಂದು ಯೋಚಿಸಿ, ಲಿಬೆರೊ (ಹಿಂದಿನ ಸಾಲಲ್ಲಿ ಡಿಫೆನ್ಸಿಗೆ ಮಾತ್ರ ಇರುವ ಆಟಗಾರ) ಮತ್ತು ರ್‍ಯಾಲಿ ಪಾಯಿಂಟ್ (ಸರ್ವೀಸ್ ಯಾರದ್ದಾದ್ರೂ ಪ್ರತಿ ಸಲವೂ ಗೆದ್ದವರಿಗೆ ಪಾಯಿಂಟ್ ಸಿಗುವ ಪದ್ಧತಿ) ಬಂದದ್ದು 1998ರಲ್ಲಿ, ಅಂದ್ರೆ ಕಾಲಿನ ನಿಯಮ ಬಂದ ಮೇಲೆ, ಅದೆರಡನ್ನೂ ಎಲ್ರೂ ಒಪ್ಪಿಕೊಂಡು 25 ಪಾಯಿಂಟಿನ ಗೇಮ್ ಆಡ್ತೇವೆ, ಅದಕ್ಕಿಂತ ಹಳೇ ನಿಯಮ ಮಾತ್ರ ಬೇಡ ಅಂದ್ರೆ ಹೇಗೆ?

ಒಂದೇ ಒಂದು ಕಡೆ ಕಾಲು ನಡೆಯೋದಿಲ್ಲ, ಅದು ಸರ್ವೀಸಲ್ಲಿ. ಸರ್ವೀಸ್ ಒಂದು ಕೈಯಲ್ಲಿ ಅಥವಾ ತೋಳಿನ ಯಾವುದಾದ್ರೂ ಭಾಗದಲ್ಲೇ ಹೊಡೀಬೇಕು. ಉಳಿದಂತೆ ಒಂದು ತಂಡಕ್ಕೆ ಸಿಗುವ ಮೂರು ಟಚ್ಚಲ್ಲಿ ಯಾವುದಕ್ಕೂ ಕಾಲು ಹಾಕ್ಬಹುದು, ಕಾಲಲ್ಲೇ ನೆಟ್ ದಾಟಿಸಿದ್ರೂ ಪಾಯಿಂಟ್ ಪಾಯಿಂಟೇ.

ಈಗ ನನ್ನ ವಿಷಯಕ್ಕೆ ಬರ್ತೇನೆ. ನಾನು ಆಡಿದ್ದೆಲ್ಲ ಹಿಂದಿನ ಸಾಲಲ್ಲಿ, ಎತ್ತರ ಇಲ್ಲದವ್ನಿಗೆ ನಮ್ಮಲ್ಲಿ ಅದೇ ಜಾಗ ಕೊಡೋದು. ನಮ್ಮ ಗ್ರೌಂಡ್ ಕೆಂಪು ಮುರ ಮಣ್ಣಿನದ್ದು, ಅದ್ರಲ್ಲಿ ಡೈವ್ ಹೊಡೆದ್ರೆ ಮೊಣಕೈ, ಎದೆ, ಗಲ್ಲ ಎಲ್ಲ ಕಿತ್ತು ಬರ್ತದೆ. ಟಿವಿಯಲ್ಲಿ ಮರದ ನೆಲದ ಮೇಲೆ ಜಾರಿಕೊಂಡು ಹೋಗಿ ಬಾಲ್ ಎತ್ತೋದನ್ನು ನೋಡಿ ಇಲ್ಲಿ ಮಾಡ್ಲಿಕ್ಕೆ ಆಗ್ತದಾ? ಹಾಗಾಗಿ ಕಾಲು ನನಗೆ ಶೋಕಿ ಅಲ್ಲ, ಚರ್ಮ ಉಳಿಸಿಕೊಳ್ಳುವ ದಾರಿ.

ಕಲಿತದ್ದು ಮನೆಯ ಕಂಪೌಂಡ್ ಗೋಡೆಗೆ ಬಾಲ್ ಹೊಡೆದು. ಒಂದು ಅಂಡರ್‌ಹ್ಯಾಂಡ್ (ಎರಡೂ ಮುಂಗೈ ಜೋಡಿಸಿ ಕೆಳಗಿಂದ ಎತ್ತೋದು), ವಾಪಸ್ ಬಂದದ್ದಕ್ಕೆ ಒಂದು ಕಾಲು, ಪುನಃ ಅಂಡರ್‌ಹ್ಯಾಂಡ್, ಹೀಗೆ ಬಿಡದೆ. ಅದರಿಂದ ಗೊತ್ತಾದ ದೊಡ್ಡ ವಿಷಯ ಅಂದ್ರೆ ಬಾಲನ್ನು ಒದೀಲಿಕ್ಕೇ ಇಲ್ಲ. ಕಾಲನ್ನು ಬಾಲಿನ ಅಡಿಗೆ ಹೋಟೆಲಿನವ ಹೆಂಚಿನ ಮೇಲೆ ದೋಸೆ ಅಡಿಗೆ ಸಟ್ಟುಗ ತೂರಿಸಿದ ಹಾಗೆ ನೆಲಕ್ಕೆ ಅಂಟಿಸಿಕೊಂಡೇ ತೂರಿಸ್ಬೇಕು, ಪಾದದ ಗಂಟು ಬಿಗಿ ಹಿಡೀಬೇಕು, ಶೂ ಲೇಸ್ ಇರುವ ಚಪ್ಪಟೆ ಭಾಗಕ್ಕೆ ಬಾಲ್ ಬಿದ್ರೆ ಸಾಕು, ಅದರ ವೇಗದಲ್ಲೇ ಅದು ಮೇಲೆ ಹೋಗ್ತದೆ. ಬೆರಳ ತುದಿಗೆ ತಾಗಿದ್ರೆ ಮಾತ್ರ ಎಲ್ಲಿಗೆ ಹಾರ್ತದೆ ಅಂತ ಹೇಳ್ಲಿಕ್ಕಾಗೋದಿಲ್ಲ. ಬದಿಗೆ ಬಂದ ಬಾಲಿಗೆ ಪಾದದ ಒಳಭಾಗ ಕೊಟ್ಟು ಅಂಕಣದ ನಡುವಿಗೆ ಎತ್ತರಕ್ಕೆ ಬಿಡ್ಬೇಕು, ನೇರ ಲಿಫ್ಟರ್ (ಹೊಡೆಯುವವ್ನಿಗೆ ಬಾಲ್ ಎತ್ತಿಕೊಡುವವ) ತಲೆ ಮೇಲೆ ಹಾಕ್ತೇನೆ ಅಂತ ಆಸೆ ಪಡ್ಬಾರ್ದು. ಎತ್ತರ ಸಿಕ್ಕಿದ್ರೆ ಉಳಿದವ್ರಿಗೆ ಬರ್ಲಿಕ್ಕೆ ಟೈಮ್ ಸಿಗ್ತದೆ, ಅಷ್ಟೇ ನಮ್ಮ ಕೆಲಸ.

ಉಳ್ಳಾಲ ಕಡೆಯ ಫುಟ್ಬಾಲ್ ಹುಡುಗರು ಕೆಲವ್ರು ನಮ್ಮಲ್ಲಿ ಪ್ರಾಕ್ಟೀಸಿಗೆ ಬರ್ತಿದ್ರು. ಅವರ ಕಾಲು ಎಷ್ಟು ಚುರುಕು ಅಂದ್ರೆ ಯಾವ ಬಾಲಿಗೂ ಮುಟ್ತಾರೆ, ಆದ್ರೆ ಶುರುವಿಗೆ ಅವರು ಮುಟ್ಟಿದ್ದೆಲ್ಲ ತೆಂಗಿನ ತೋಟಕ್ಕೆ ಹೋಗ್ತಿತ್ತು. ಕಾರಣ ತೂಕ. ಫುಟ್ಬಾಲ್ 410ರಿಂದ 450 ಗ್ರಾಂ, ವಾಲಿಬಾಲ್ 260ರಿಂದ 280 ಗ್ರಾಂ ಮಾತ್ರ, ಗಾಳಿಯೂ ಕಡಿಮೆ. ಅವ್ರಿಗೆ ನಾನು ಹೇಳಿದ್ದು ಒಂದೇ, "ಮಾರಾಯ, ಕಾಲು ಬೀಸ್ಬೇಡ, ಬಾಲ್ ಬರುವ ಜಾಗದಲ್ಲಿ ಇಡು." ಸರಿಯಾಗಿ ಹಿಡ್ಕೊಂಡ್ರು, ಈಗ ನಮ್ಮ ಒಳ್ಳೇ ಡಿಫೆಂಡರ್‌ಗಳು ಅವರೇ.

ಯಾವಾಗ ಹಾಕ್ಬೇಕು ಅನ್ನೋದ್ರಲ್ಲಿ ನಾನು ತುಂಬಾ ಸ್ಟ್ರಿಕ್ಟ್. ಕೈ ಹೋಗುವ ಬಾಲಿಗೆ ಕಾಲು ಹಾಕಿದ್ರೆ ನಾನು ಆ ಹುಡುಗನನ್ನು ಹೊರಗೆ ಕೂರಿಸ್ತೇನೆ. ಅಂಡರ್‌ಹ್ಯಾಂಡಲ್ಲಿ ಸಿಗುವ ಕಂಟ್ರೋಲ್ ಪಾದದಲ್ಲಿ ಎಷ್ಟು ಕಲಿತ್ರೂ ಸಿಗೋದಿಲ್ಲ. ಕಾಲು ಬೇಕಾಗೋದು ಆಚೆಯವರು ನಮ್ಮ ಬ್ಲಾಕಿನ (ನೆಟ್ ಹತ್ರ ಹಾರಿ ಕೈ ಅಡ್ಡ ಕೊಡುವವರ) ಹಿಂದೆ ಪ್ಲೇಸಿಂಗ್ ಹಾಕಿ ಬಾಲನ್ನು ಮೆಲ್ಲಗೆ ಇಳಿಸಿದಾಗ, ನಮ್ಮವರ ಕೈಗೆ ತಾಗಿ ಬಾಲ್ ಹಿಂದಕ್ಕೆ ಹಾರಿದಾಗ, ನೆಟ್ಟಿಗೆ ಬಡಿದು ಕೆಳಗೆ ಜಾರಿದಾಗ, ಅಂದ್ರೆ ಬಗ್ಗಲಿಕ್ಕೆ ಟೈಮೇ ಇಲ್ಲದಾಗ. ಇನ್ನೊಂದು, ಮೊದಲ ಟಚ್ಚಲ್ಲಿ ಬಾಲ್ ಕೈಗೆ ತಾಗಿ ಅದೇ ಆಕ್ಷನಲ್ಲಿ ಕಾಲಿಗೂ ತಾಗಿದ್ರೆ ಡಬಲ್ (ಒಬ್ಬನೇ ಎರಡು ಸಲ ಮುಟ್ಟಿದ ಫೌಲ್) ಅಲ್ಲ, ಇದಕ್ಕೂ ಸುಮಾರು ಕಡೆ ಸೀಟಿ ಊದ್ತಾರೆ.

ನೆಟ್ಟಿನ ಹತ್ರ ಮಾತ್ರ ಹುಷಾರು. ಎರಡು ತಂಡದವರೂ ಅಲ್ಲೇ ಹಾರ್ತಾ ಇರ್ತಾರೆ, ಕಾಲು ಆಚೆ ಉದ್ದ ಚಾಚಿದ್ರೆ ಬ್ಲಾಕರ್ ಅದ್ರ ಮೇಲೇ ಇಳೀತಾನೆ, ಅಲ್ಲಿಗೆ ಇಬ್ಬರ ಸೀಸನ್ನೂ ಮುಗೀತು. ನಿಯಮದಲ್ಲೂ ಪಾದ ಪೂರ್ತಿ ನಡುಗೆರೆ ದಾಟಿ ಆಚೆ ಅಂಕಣ ಮುಟ್ಟಿದ್ರೆ ಫೌಲ್, ಪಾದದ ಸ್ವಲ್ಪ ಭಾಗವಾದ್ರೂ ಗೆರೆ ಮೇಲೆ ಅಥವಾ ಗೆರೆಯ ನೇರಕ್ಕೆ ಇರ್ಬೇಕು. ಬಾಲ್ ಆಡುವಾಗ ಕಾಲು ಎತ್ತಿ ನೆಟ್ಟಿಗೆ ತಾಗಿಸಿದ್ರೂ ಫೌಲ್. ಅದಕ್ಕೆ ನಾನು ನೆಟ್ ಹತ್ರ ಕಾಲನ್ನು ನೆಟ್ಟಿಗೆ ಸಮಾನಾಂತರವಾಗಿ ಹಾಕ್ಲಿಕ್ಕೆ ಹೇಳಿಕೊಡ್ತೇನೆ, ಆಚೆಗೆ ಮುಖ ಮಾಡಿ ಅಲ್ಲ.

ಮಲ್ಪೆ, ಪಣಂಬೂರಲ್ಲಿ ಬೀಚ್ ವಾಲಿಬಾಲ್ ಆಡುವವ್ರಿಗೂ ಇದೇ ನಿಯಮ, ಕಾಲು ಓಕೆ. ಆದ್ರೆ ಮರಳಲ್ಲಿ ಊರಿದ ಕಾಲು ಹೂತು ಹೋಗ್ತದೆ, ಅಲ್ಲಿ ಡೈವ್ ಹೊಡೆದ್ರೆ ನೋವೂ ಆಗೋದಿಲ್ಲ, ಸುಮ್ನೆ ಡೈವ್ ಹೊಡೀರಿ.

ಅಂಪೈರ್ ಸೀಟಿ ಊದಿದ್ರೆ ಎಂತ ಮಾಡೋದು ಅಂತ ಕೇಳ್ತಾರೆ. ಎಲ್ರೂ ಓಡಿ ಹೋಗಿ ಸುತ್ತುಗಟ್ಟಬೇಡಿ, ವಿವರಣೆ ಕೇಳುವ ಹಕ್ಕಿರೋದು ಗೇಮ್ ಕ್ಯಾಪ್ಟನಿಗೆ ಮಾತ್ರ. ಅದಕ್ಕಿಂತ ಒಳ್ಳೇದು ಮ್ಯಾಚಿಗೆ ಮೊದಲೇ ಸಂಘಟಕರು, ಅಂಪೈರ್ ಇಬ್ಬರ ಹತ್ರವೂ "ಸರ್, ಕಾಲು ಉಂಟಲ್ಲ?" ಅಂತ ಕೇಳೋದು, ಮೊಬೈಲಲ್ಲಿ 9.2.1 ತೆಗೆದಿಟ್ಟುಕೊಂಡಿರೋದು. ನಾನು ಹೀಗೆ ಕೇಳ್ಲಿಕ್ಕೆ ಶುರು ಮಾಡಿದ ಮೇಲೆ ಅಂಕಣದಲ್ಲಿ ಜಗಳ ತುಂಬಾ ಕಡಿಮೆ ಆಗಿದೆ. ಲಿಬೆರೊ ಆಡುವ ಹುಡುಗರು ಇನ್ನೊಂದನ್ನೂ ಕೇಳಿ ಇಟ್ಟುಕೊಳ್ಳಿ, ಮೂರು ಮೀಟರ್ ಗೆರೆಯ ಮುಂದೆ ನಿಂತು ನೀವು ಬೆರಳಲ್ಲಿ ಎತ್ತಿದ ಬಾಲನ್ನು ನಿಮ್ಮ ಅಟ್ಯಾಕರ್ ನೆಟ್ಟಿಗಿಂತ ಎತ್ತರದಲ್ಲಿ ಹೊಡೀಲಿಕ್ಕಿಲ್ಲ, ಆದ್ರೆ ಅದೇ ಜಾಗದಲ್ಲಿ ಕಾಲಲ್ಲಿ ಎತ್ತಿದ್ರೆ ಧಾರಾಳ ಹೊಡೀಬಹುದು.