ನಾಲ್ಕು ಅಡಿ ಹಲಗೆಯ ಮೇಲೆ ದುರ್ಗದ ಹಳಿ

ಮಾದರಿ ರೈಲು ಎಂದೊಡನೆ ಬಹಳ ಜನರ ಕಣ್ಣ ಮುಂದೆ ಬರುವುದು ಮೇಜಿನ ಮೇಲೆ ಗಿರಗಿರನೆ ಸುತ್ತುವ ದುಂಡು ಹಳಿ. ಮಕ್ಕಳ ಆಟಕ್ಕೆ ಅದು ಸರಿ. ಚಿಕ್ಕಜಾಜೂರಿನಿಂದ ಚಿತ್ರದುರ್ಗ ಹಾದು ರಾಯದುರ್ಗದತ್ತ ಹೋಗುವ ಹಾದಿಯ ಬಂಡೆ, ಜಾಲಿಮರ, ಶೇಂಗಾ ಹೊಲಗಳನ್ನು ಮನೆಯಲ್ಲೇ ಕಟ್ಟಿ, ‘ಇದನ್ನು ಯಾವ ಸ್ಟೇಷನ್ ಹತ್ತಿರ ತೆಗೆದಿರಿ?’ ಎಂದು ನೋಡಿದವರು ಕೇಳುವಂಥ ಫೋಟೊ ತೆಗೆಯಬೇಕಾದರೆ ಸುತ್ತು ಹಳಿಯ ಹಂಗು ಬೇಡ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯೊಂದು ಸಾಕು. ಇಬ್ಬರು ಎತ್ತಿ ತಾರಸಿಗೆ ಒಯ್ಯುವಷ್ಟು ಹಗುರವಾಗಿರಬೇಕು, ಅಷ್ಟೇ.

ಎಲ್ಲಕ್ಕೂ ಮೊದಲು 87ರ ಲೆಕ್ಕ

ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಒ. ಅಸಲಿ ವಸ್ತುವಿನ 87ನೇ ಒಂದು ಪಾಲು. ಏನನ್ನೇ ಕೊಳ್ಳುವ, ಕತ್ತರಿಸುವ ಮೊದಲು ಅದರ ಅಸಲಿ ಅಳತೆಯನ್ನು 87ರಿಂದ ಭಾಗಿಸಿ ಕಾಗದದ ಮೇಲೆ ಬರೆದುಕೊಳ್ಳಿ. ಚೆನ್ನೈ ಕಾರ್ಖಾನೆಯ ಹಳೆಯ ನೀಲಿ ಐಸಿಎಫ್ ಬೋಗಿ ಬಫರಿನಿಂದ (ತುದಿಯಲ್ಲಿ ಗುದ್ದು ತಡೆಯುವ ಗುಂಡಿ) ಬಫರಿಗೆ ಸುಮಾರು 22.3 ಮೀಟರ್, ಮಾದರಿಯಲ್ಲಿ 256 ಮಿ.ಮೀ. ಜರ್ಮನ್ ವಿನ್ಯಾಸದ ಹೊಸ ಎಲ್‌ಎಚ್‌ಬಿ ಬೋಗಿ 24 ಮೀಟರ್. ಮಾದರಿಯಲ್ಲಿ 276 ಮಿ.ಮೀ.

ಸುತ್ತು ಹಳಿ ಏಕೆ ಬೇಡ ಎಂಬುದಕ್ಕೂ ಉತ್ತರ ಈ ಲೆಕ್ಕದಲ್ಲೇ ಇದೆ. ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಎರಡೂವರೆ ಪಟ್ಟಾದರೂ ಇರಬೇಕು. ಎಲ್‌ಎಚ್‌ಬಿಗೆ ಅದು 69 ಸೆಂ.ಮೀ. ಅಂಗಡಿಯಲ್ಲಿ ಸಿಗುವ 8×4 ಅಡಿ ಪ್ಲೈವುಡ್ ಹಾಳೆಯ ಮೇಲೆ, ಅಂಚಿಗೆ ಐದು ಸೆಂ.ಮೀ. ಬಿಟ್ಟರೆ, 56 ಸೆಂ.ಮೀ.ಗಿಂತ ದೊಡ್ಡ ತ್ರಿಜ್ಯ ಹಿಡಿಸುವುದಿಲ್ಲ. ಅಂಥ ತಿರುವಿನಲ್ಲಿ ಬೋಗಿಯ ಮಧ್ಯಭಾಗ ಒಳಕ್ಕೂ ತುದಿಗಳು ಹೊರಕ್ಕೂ ಚಾಚಿ, ಬಫರುಗಳು ಒಂದಕ್ಕೊಂದು ಸಿಕ್ಕಿಕೊಂಡು ಗಾಲಿ ಹಳಿಯಿಂದ ಇಳಿಯುತ್ತದೆ. ನಾಲ್ಕು ಅಡಿಯ ನೇರ ಹಲಗೆಯಲ್ಲಿ ಈ ತೊಂದರೆಯೇ ಇಲ್ಲ. ಒಂದು ಎಂಜಿನ್ ಮತ್ತು ಮೂರು ಬೋಗಿ ಆರಾಮವಾಗಿ ನಿಲ್ಲುತ್ತವೆ. ಮುಂದೆ ಇನ್ನೊಂದು ಹಲಗೆ ಕಟ್ಟಿದಾಗ ಬೋಲ್ಟ್ ಹಾಕಿ ಜೋಡಿಸಿದರಾಯಿತು.

ಒಂದು ಕೊರತೆಯನ್ನು ಮೊದಲೇ ಒಪ್ಪಿಕೊಳ್ಳಬೇಕು. ನಮ್ಮ ಬ್ರಾಡ್‌ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1676 ಮಿ.ಮೀ.; ಎಚ್‌ಒದಲ್ಲಿ ಅದು 19.3 ಮಿ.ಮೀ. ಆಗಬೇಕು. ಆದರೆ ಮಾರುಕಟ್ಟೆಯ ಎಚ್‌ಒ ಹಳಿಯ ಅಂತರ 16.5 ಮಿ.ಮೀ., ಏಕೆಂದರೆ ಅದು ಯುರೋಪು, ಅಮೆರಿಕದ 1435 ಮಿ.ಮೀ. ಗೇಜಿಗೆ ಮಾಡಿದ್ದು. ಸುಮಾರು ಮೂರು ಮಿ.ಮೀ. ಕಡಿಮೆ. ಪಕ್ಕದಿಂದ ತೆಗೆದ ಫೋಟೊದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಎಂಜಿನ್ನಿಗೆ ಎದುರಾಗಿ ನಿಂತು ತೆಗೆದರೆ ಬೋಗಿಯ ಅಗಲಕ್ಕೆ ಹಳಿ ಕಿರಿದೆಂದು ಎದ್ದು ಕಾಣುತ್ತದೆ. ಆದ್ದರಿಂದ ಹಲಗೆಯ ಮುಂಭಾಗ ಯಾವುದು, ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹಳಿ ಹಾಕುವ ಮೊದಲೇ ಗುರುತು ಮಾಡಿ. ಹಳಿಯನ್ನು ಅಂಚಿಗೆ ಸಮಾನಾಂತರವಾಗಿ ಹಾಕದೆ, ಒಂದು ತುದಿಯಲ್ಲಿ ಆರೇಳು ಸೆಂ.ಮೀ. ಒಳಕ್ಕೆ ಸರಿಸಿ ಓರೆಯಾಗಿಸಿದರೆ ನೋಟಕ್ಕೆ ಆಳ ಬರುತ್ತದೆ. ಈ ಸೀಮೆಯ ಹಳೆಯ ಮೀಟರ್ ಗೇಜ್ ಕಾಲವನ್ನು ಕಟ್ಟುವವರಿಗೆ ಇನ್ನೂ ಒಳ್ಳೆಯ ದಾರಿಯಿದೆ: 12 ಮಿ.ಮೀ. ಹಳಿ ಮೀಟರ್ ಗೇಜಿನ ಲೆಕ್ಕಕ್ಕೆ, ಅಂದರೆ 11.5 ಮಿ.ಮೀ.ಗೆ, ಬಹಳ ಹತ್ತಿರ.

ಹಲಗೆ, ಹಳಿ, ತಂತಿ

9 ಮಿ.ಮೀ. ಪ್ಲೈವುಡ್ಡಿಗೆ ಕೆಳಗಿನಿಂದ ಮರದ ರೀಪಿನ ಚೌಕಟ್ಟು ಕೊಟ್ಟು, ನಡುವೆ ಎರಡು ಅಡ್ಡಪಟ್ಟಿ ಹಾಕಿಸಿ. ಹಲಗೆಯ ಎರಡೂ ಮುಖಕ್ಕೆ, ಅಂಚುಗಳಿಗೂ ಸೇರಿಸಿ, ಪ್ರೈಮರ್ ಬಳಿಯಲೇಬೇಕು. ಮೇಲಿನ ಮುಖದ ಮೇಲೆ ನೀರು, ಅಂಟು, ಪುಟ್ಟಿ ಸುರಿಯುತ್ತೇವೆ; ಬಣ್ಣ ಕಾಣದ ಪ್ಲೈ ಒಂದೇ ಕಡೆ ನೆನೆದು ದೋಣಿಯಂತೆ ಬಾಗುತ್ತದೆ. ಹಾಗೆ ಬಾಗಿದ್ದನ್ನು ಸರಿಪಡಿಸುವ ದಾರಿಯಿಲ್ಲ.

ಹಳಿಯ ಕೆಳಗೆ 5 ಮಿ.ಮೀ. ಕಾರ್ಕ್ ಅಥವಾ ಅಷ್ಟೇ ದಪ್ಪದ ಫೋಮ್ ಹಾಳೆ. ಎರಡೂ ಅಂಚನ್ನು 45 ಡಿಗ್ರಿ ಓರೆಗೆ ಕತ್ತರಿಸಿ. ಅದೇ ಮುಂದೆ ಜಲ್ಲಿಯ ಇಳಿಜಾರಾಗುತ್ತದೆ. ಕೊಳ್ಳುವಾಗ ಹಳಿಯ ಎತ್ತರ ನೋಡಿ. ಅದನ್ನು ಇಂಚಿನ ಸಾವಿರದ ಪಾಲಿನಲ್ಲಿ ‘ಕೋಡ್’ ಎಂದು ಬರೆದಿರುತ್ತಾರೆ; ಕೋಡ್ 100 ಎಂದರೆ 2.54 ಮಿ.ಮೀ. ಮೀಟರಿಗೆ 60 ಕೆ.ಜಿ. ತೂಗುವ ನಮ್ಮ ಅಸಲಿ ಹಳಿಯ ಎತ್ತರ 172 ಮಿ.ಮೀ.; 87ರಿಂದ ಭಾಗಿಸಿದರೆ ಎರಡೇ ಮಿ.ಮೀ. ಹಾಗಾಗಿ ಕೋಡ್ 75 ಅಥವಾ 83 ಒಪ್ಪುತ್ತದೆ. ಕೋಡ್ 100 ಓಡಾಟಕ್ಕೆ ಗಟ್ಟಿ, ಆದರೆ ಹತ್ತಿರದ ಫೋಟೊದಲ್ಲಿ ದಪ್ಪಗೆ ಕಾಣುತ್ತದೆ.

ಬಗ್ಗುವ ಹಳಿ 914 ಮಿ.ಮೀ. ತುಂಡುಗಳಾಗಿ ಬರುವುದರಿಂದ ನಾಲ್ಕು ಅಡಿಯಲ್ಲಿ ಒಂದು ಜೋಡು ಇದ್ದೇ ಇರುತ್ತದೆ. ಅಲ್ಲಿ ಅರ್ಧ ಮಿ.ಮೀ. ಸಂದು ಬಿಡಿ. ಒಂದು ಮೀಟರ್ ಹಳಿ 20 ಡಿಗ್ರಿ ಬಿಸಿಯೇರಿದರೆ ಸುಮಾರು 0.3 ಮಿ.ಮೀ. ಹಿಗ್ಗುತ್ತದೆ, ಮಾರ್ಚ್ ಕಳೆದ ಮೇಲೆ ಒಣಗಾಳಿಗೆ ಮರವೂ ಕುಗ್ಗುತ್ತದೆ. ಸಂದಿಲ್ಲದಿದ್ದರೆ ಹಳಿ ಪಕ್ಕಕ್ಕೆ ಉಬ್ಬುತ್ತದೆ.

ಹಳಿಯ ಮೂಲಕ ಎಂಜಿನ್ನಿಗೆ ಹೋಗುವ ಕರೆಂಟಿನ ಭಾರವನ್ನು ಹಳಿ ತುಂಡು ಜೋಡಿಸುವ ತಗಡಿನ ಮೇಲೆ ಹಾಕಬೇಡಿ. ಧೂಳು ಸೇರಿದರೆ ಆರು ತಿಂಗಳಲ್ಲಿ ಸಂಪರ್ಕ ಸಡಿಲ. ಪ್ರತಿ ತುಂಡಿನ ಎರಡೂ ಹಳಿಗೆ ಪ್ರತ್ಯೇಕವಾಗಿ 0.5 ಚದರ ಮಿ.ಮೀ. ತಂತಿ ಬೆಸೆದು, ಹಲಗೆಯ ಕೆಳಗೆ ಉದ್ದಕ್ಕೂ ಓಡುವ 1.5 ಚದರ ಮಿ.ಮೀ. ತಂತಿಗೆ ಸೇರಿಸಿ. ಕೆಂಪು ಒಂದು ಹಳಿಗೆ, ಕಪ್ಪು ಇನ್ನೊಂದಕ್ಕೆ; ಬಣ್ಣ ಎಂದೂ ಅದಲುಬದಲಾಗಬಾರದು. ಬೆಸುಗೆಯ ಕಾವಿಗೆ ಪ್ಲಾಸ್ಟಿಕ್ ಸ್ಲೀಪರ್ (ಹಳಿಯ ಕೆಳಗಿನ ಅಡ್ಡದಿಮ್ಮಿ) ಕರಗುವುದೇ ಹೆಚ್ಚು. ಬೆಸೆಯುವ ಜಾಗದ ಎರಡೂ ಬದಿಗೆ ಒದ್ದೆ ಹತ್ತಿ ಇಟ್ಟು, ಕಾದ ಕಡ್ಡಿಯನ್ನು ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಮುಟ್ಟಿಸಬೇಡಿ.

ಜಲ್ಲಿ ಹಾಕುವ ಮೊದಲು ಹಳಿಯ ಬದಿಗೆ ತುಕ್ಕಿನ ಕಂದು, ಸ್ಲೀಪರಿಗೆ ಸಿಮೆಂಟಿನ ಬೂದು ಬಣ್ಣ ಬಳಿದು, ಹಳಿಯ ನೆತ್ತಿಯನ್ನು ಒರೆಸಿ ಹೊಳಪಿಗೆ ತನ್ನಿ. ಪ್ಲಾಟ್‌ಫಾರಂ ಬೇಕಿದ್ದರೆ ಅದರ ಅಂಚು ಹಳಿಯ ನಡುಗೆರೆಯಿಂದ 19.5 ಮಿ.ಮೀ. ದೂರ, ಹಳಿಯ ನೆತ್ತಿಯಿಂದ 9.5 ಮಿ.ಮೀ. ಎತ್ತರ. ಈ ಅಳತೆಗಳಿಗಾಗಿ ಅಸಲಿ ಹಳಿಗೆ ಇಳಿಯಬೇಡಿ. ಅಪಾಯವಷ್ಟೇ ಅಲ್ಲ, 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ ಕೂಡ.

ಜಲ್ಲಿ: ರವೆಯಷ್ಟು ಸಣ್ಣ

ಆಮದಿನ ಜಲ್ಲಿ ಪೊಟ್ಟಣಕ್ಕೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ. ರೈಲ್ವೆ ಜಲ್ಲಿಯ ಗಾತ್ರ 20ರಿಂದ 65 ಮಿ.ಮೀ.; ಮಾದರಿಯಲ್ಲಿ ಕಾಲು ಮಿ.ಮೀ.ಯಿಂದ ಮುಕ್ಕಾಲು ಮಿ.ಮೀ. ಕಟ್ಟಡದವರು ತರಿಸುವ ಕ್ರಷರ್ ಪುಡಿಯಲ್ಲಿ ಈ ಗಾತ್ರದ ಚೂರು ಬೇಕಾದಷ್ಟಿದೆ, ಬಣ್ಣವೂ ನಮ್ಮ ಕಲ್ಲಿನದೇ. ರವೆ ಜರಡಿಯಿಂದ ಕೆಳಗಿಳಿದು ಮೈದಾ ಜರಡಿಯ ಮೇಲೆ ಉಳಿದದ್ದನ್ನು ಮಾತ್ರ ತೆಗೆದುಕೊಳ್ಳಿ. ನಾಲ್ಕು ಅಡಿಗೆ ಕಾಲು ಕೆ.ಜಿ. ಸಾಕಾಗುತ್ತದೆ, ಅರ್ಧ ಕೆ.ಜಿ. ಮಾಡಿಟ್ಟುಕೊಳ್ಳಿ, ಏಕೆಂದರೆ ಎರಡನೆಯ ಸಲ ತಂದ ಪುಡಿಯ ಬಣ್ಣ ಮೊದಲಿನದಕ್ಕೆ ಕೂಡುವುದಿಲ್ಲ. ಅಕ್ಕಿ ತೊಳೆದಂತೆ ನಾಲ್ಕು ನೀರಿನಲ್ಲಿ ತೊಳೆಯಿರಿ. ಹಿಟ್ಟಿನಂಥ ಧೂಳು ಉಳಿದರೆ ಅಂಟಿನೊಂದಿಗೆ ಸೇರಿ ಗಾರೆಯಾಗುತ್ತದೆ. ಒಣಗಿದ ಮೇಲೆ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪುಡಿಯೊಳಗೆ ಆಡಿಸಿ. ಕಬ್ಬಿಣದ ಕಣ ಅಂಟಿಕೊಂಡು ಬರುತ್ತದೆ. ಬಿಟ್ಟರೆ ಅದು ಎಂಜಿನ್ನಿನ ಮೋಟಾರಿನೊಳಗೆ ಸೇರುತ್ತದೆ. ಅಡುಗೆಯ ರವೆಯನ್ನೇ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ, ಒಂದೇ ಮಳೆಗಾಲಕ್ಕೆ ಇರುವೆ, ನುಸಿ ಎರಡೂ ಬರುತ್ತವೆ.

ಒಂದು ಅಡಿಯಷ್ಟು ಹಳಿಗೆ ಪುಡಿ ಸುರಿದು, ಅರ್ಧ ಇಂಚಿನ ಮೆತ್ತನೆಯ ಬ್ರಷ್ಷಿನಿಂದ ಸ್ಲೀಪರುಗಳ ನಡುವೆ ಇಳಿಸಿ. ಸ್ಲೀಪರಿನ ನೆತ್ತಿಯ ಮೇಲೆ ಒಂದು ಕಾಳೂ ನಿಲ್ಲಬಾರದು. ಆಮೇಲೆ ಕಾಲು ಲೀಟರ್ ನೀರಿಗೆ ಪಾತ್ರೆ ತೊಳೆಯುವ ದ್ರವದ ಮೂರು ಹನಿ ಬೆರೆಸಿ, ಮಂಜಿನಂತೆ ಚಿಮುಕಿಸಿ ಪೂರ್ತಿ ನೆನೆಸಿ. ಕೊನೆಗೆ ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರಿನ ಮಿಶ್ರಣವನ್ನು ಸೂಜಿ ತೆಗೆದ ಸಿರಿಂಜಿನಿಂದ ಹನಿಹನಿಯಾಗಿ ಬಿಡಿ. ನೆನೆಸದೆ ಅಂಟು ಬಿಟ್ಟವರ ಜಲ್ಲಿಯಲ್ಲಿ ಗುಂಡಿಗಳೇಳುತ್ತವೆ. ಒಣ ಪುಡಿಯ ಮೇಲೆ ಹನಿ ಒಳಗಿಳಿಯದೆ ಉಂಡೆಕಟ್ಟುತ್ತದೆ. ಇಡೀ ದಿನ ಮುಟ್ಟಬೇಡಿ. ಹಳಿ ಕವಲೊಡೆಯುವ ಪಾಯಿಂಟ್ ಇದ್ದರೆ ಅದರ ಆಡುವ ನಾಲಿಗೆಯ ಕೆಳಗೆ ಜಲ್ಲಿಯನ್ನೇ ಹಾಕದೆ, ಬರಿದೇ ಬೂದು ಬಣ್ಣ ಬಳಿದು ಬಿಡುವುದು ಜಾಣತನ.

ಬಂಡೆಯೇ ಈ ನೋಟದ ಜೀವ

ನದಿ ತೀರದಿಂದ ಕಲ್ಲು ಆರಿಸಿ ತಂದಿಟ್ಟರೆ ಬಂಡೆಯಂತೆ ಕಾಣುವುದಿಲ್ಲ. ಕಲ್ಲಿನ ಹರಳು 87 ಪಾಲು ಸಣ್ಣದಾಗಿರುವುದಿಲ್ಲವಲ್ಲ. ಫೋಟೊದಲ್ಲಿ ಅದು ಬೆಣಚುಕಲ್ಲೇ. ಹಲಗೆಯೂ ಎತ್ತಲಾಗದಷ್ಟು ಭಾರವಾಗುತ್ತದೆ.

ಥರ್ಮಕೋಲಿನಿಂದ ಮಾಡಿ. ಚಾಕುವಿನಿಂದ ಕೊಯ್ಯದೆ ಕೈಯಿಂದ ಮುರಿದು, 80 ನಂಬರಿನ ಉಪ್ಪುಕಾಗದದಿಂದ ಮೂಲೆಗಳನ್ನು ಉಜ್ಜಿ ಗುಂಡಗೆ ಮಾಡಿ. ದುರ್ಗದ ಬಂಡೆಗಳ ಲಕ್ಷಣವೇ ಈ ಗುಂಡುತನ: ಒಂದರ ಮೇಲೊಂದು ಕೂತು, ನಡುವೆ ಸಂದು ಬಿಟ್ಟು, ಈಗ ಉರುಳೀತೇನೋ ಎನ್ನುವಂತಿರುತ್ತವೆ. ಚೂಪು ಮೂಲೆ ಉಳಿದರೆ ಅದು ಬೇರೆ ಯಾವುದೋ ನಾಡಿನ ಗುಡ್ಡ. ಗೋಡೆಗೆ ಬಳಸುವ ಪುಟ್ಟಿಯನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಎರಡು ಸಲ ತೆಳುವಾಗಿ ಬಳಿಯಿರಿ. ದಪ್ಪಗೆ ಒಂದೇ ಸಲ ಬಳಿದರೆ ಬಿರುಕು ಬಿಡುತ್ತದೆ. ಥರ್ಮಕೋಲಿನ ಕಾಳು ಮುಚ್ಚುವವರೆಗೆ ಬಿಡಬೇಡಿ. ಡಬ್ಬಿಯ ಸ್ಪ್ರೇ ಬಣ್ಣ ಹೊಡೆಯಲೇಬೇಡಿ, ಅದರ ದ್ರಾವಕಕ್ಕೆ ಥರ್ಮಕೋಲ್ ಕರಗಿ ಹಳ್ಳ ಬೀಳುತ್ತದೆ.

ಬಣ್ಣದಲ್ಲಿ ಎಲ್ಲರೂ ಮಾಡುವ ತಪ್ಪು ಬರೀ ಬೂದು ಬಳಿಯುವುದು. ಕೋಟೆಯ ಕಡೆ ಹೋಗಿ ಬೆಳಗಿನ ಬಿಸಿಲಲ್ಲಿ ನೋಡಿ: ತಳದಲ್ಲಿ ಮಣ್ಣುಗೆಂಪು ಬೆರೆತ ತಿಳಿ ಕಂದು, ಮೇಲೆ ಬೂದು, ಮಳೆನೀರು ಹರಿದಲ್ಲೆಲ್ಲ ಕಪ್ಪು ಗೆರೆ. ಮೊದಲು ತಿಳಿ ಕಂದು ಅಕ್ರಿಲಿಕ್. ಒಣಗಿದ ಮೇಲೆ ಒಣ ಬ್ರಷ್ಷಿನಿಂದ ಬೂದು. ಕಡೆಗೆ ಒಂದು ಪಾಲು ಕಪ್ಪಿಗೆ ಹತ್ತು ಪಾಲು ನೀರು ಬೆರೆಸಿ ಬಂಡೆಯ ನೆತ್ತಿಯಲ್ಲಿ ಬಿಟ್ಟು ತಾನಾಗಿ ಇಳಿಯಲು ಬಿಡಿ. ಕೈಯಿಂದ ಎಳೆದ ಗೆರೆ ಎಂದೂ ಹರಿದ ನೀರಿನಂತೆ ಕಾಣದು.

ನೆಲಕ್ಕೆ ಮನೆ ಮುಂದಿನ ಕೆಮ್ಮಣ್ಣನ್ನೇ ಬಾಣಲೆಯಲ್ಲಿ ಹುರಿದು ಜರಡಿ ಹಿಡಿದು ಬಳಸಿ. ದಾವಣಗೆರೆ ಕಡೆಯ ಎರೆಮಣ್ಣು ಅಂಟು ಬಿದ್ದೊಡನೆ ಇದ್ದಿಲಿನಂತಾಗುತ್ತದೆ, ಮೂರನೇ ಒಂದು ಪಾಲು ಬೂದಿ ಬೆರೆಸಿದರೆ ಸರಿಹೋಗುತ್ತದೆ. ಶೇಂಗಾ ಸಾಲಿನ ಅಂತರ ಒಂದಡಿ, ಮಾದರಿಯಲ್ಲಿ ಮೂರೂವರೆ ಮಿ.ಮೀ.; ಹಲ್ಲು ಮುರಿದ ಬಾಚಣಿಗೆಯಿಂದ ಎಳೆಯಬಹುದು. ಜಾಲಿಮರಕ್ಕೆ ಮೋಟಾರು ವೈಂಡಿಂಗ್ ಅಂಗಡಿಯ ತಾಮ್ರದ ತಂತಿ ಹುರಿಮಾಡಿ 70 ಮಿ.ಮೀ. ಎತ್ತರಕ್ಕೆ ನಿಲ್ಲಿಸಿ, ತಲೆಯನ್ನು ಕೊಡೆಯಂತೆ ಚಪ್ಪಟೆ ಬಿಡಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ ಹಸಿರು ಹಾಕಿದ ಸ್ಪಂಜು ಅಂಟಿಸಿ.

ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರ ಇಲ್ಲದೆ ದುರ್ಗದ ದಿಗಂತ ಪೂರ್ತಿಯಾಗದು. ಆದರೆ 60 ಮೀಟರ್ ಕಂಬ ಎಚ್‌ಒದಲ್ಲಿ 69 ಸೆಂ.ಮೀ. ಆಗುತ್ತದೆ! ಇಲ್ಲಿ ಮಾತ್ರ 87ನ್ನು ಬಿಡಿ. 400ರಿಂದ ಭಾಗಿಸಿ 15 ಸೆಂ.ಮೀ. ಮಾಡಿ, ಊದುಬತ್ತಿಯ ಕಡ್ಡಿಗೆ ಮಾಸಲು ಬಿಳಿ ಬಳಿದು ಹಲಗೆಯ ಹಿಂದಂಚಿಗೆ ನಿಲ್ಲಿಸಿ. ಸಣ್ಣದಾದಷ್ಟೂ ದೂರದ್ದೆಂದು ಕಣ್ಣು ನಂಬುತ್ತದೆ.

ಕ್ಯಾಮೆರಾ ಎರಡು ಸೆಂಟಿಮೀಟರ್ ಎತ್ತರಕ್ಕೆ

ಹಳಿ ಪಕ್ಕ ನಿಂತ ಆಳಿನ ಕಣ್ಣು ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ. 87ರಿಂದ ಭಾಗಿಸಿದರೆ 18 ಮಿ.ಮೀ. ಲೆನ್ಸಿನ ನಡುಬಿಂದು ಅಲ್ಲಿಗೆ ಬರಬೇಕು. ಮೇಲಿನಿಂದ ತೆಗೆದ ಫೋಟೊ ಎಷ್ಟು ಚೆನ್ನಾಗಿದ್ದರೂ ಆಟಿಕೆಯದೇ. ಫೋನನ್ನು ತಲೆಕೆಳಗಾಗಿ ಹಿಡಿದರೆ ಅದರ ಲೆನ್ಸ್ ನೆಲಕ್ಕೆ ಹತ್ತಿರವಾಗುತ್ತದೆ.

ಈ ಕೆಲಸದಲ್ಲಿ ಫೋನ್ ಕ್ಯಾಮೆರಾ ಕೀಳೇನಲ್ಲ. ಅದರ ಸೆನ್ಸರ್ ಚಿಕ್ಕದಾದ್ದರಿಂದ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿ ಬರುತ್ತದೆ. ಪೋರ್ಟ್ರೇಟ್ ಮೋಡ್ ಮಾತ್ರ ಬೇಡ: ಹಿನ್ನೆಲೆ ಮಸುಕಾದೊಡನೆ ವಸ್ತು ಪುಟ್ಟದೆಂದು ಗುಟ್ಟು ರಟ್ಟಾಗುತ್ತದೆ. ದೊಡ್ಡ ಕ್ಯಾಮೆರಾದವರು ಐಎಸ್‌ಒ 100, ಎಫ್ 11ರಿಂದ 16, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್ ಇಟ್ಟುಕೊಳ್ಳಿ. ಎಫ್ 22ಕ್ಕೆ ಹೋದರೆ ಬೆಳಕು ಬಾಗಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಬದಲಿಗೆ ಕ್ಯಾಮೆರಾ ಅಲುಗಿಸದೆ ಮುಂದಿನಿಂದ ಹಿಂದಕ್ಕೆ ಫೋಕಸ್ ಸರಿಸುತ್ತಾ ಹತ್ತು ಫೋಟೊ ತೆಗೆದು ಫೋಟೊಶಾಪಿನಲ್ಲಿ ಒಂದಾಗಿಸಿ.

ಒಳಗೆ ತೆಗೆಯುವುದಾದರೆ ಒಂದೇ ದೀಪ, ಆದಷ್ಟು ದೂರದಲ್ಲಿ. ಆಕಾಶದಲ್ಲಿ ಸೂರ್ಯ ಒಬ್ಬನೇ. ಎರಡು ದೀಪ ಹಚ್ಚಿದರೆ ಕಂಬಕ್ಕೆ ಎರಡು ನೆರಳು. ನೆರಳಿನ ಕಡೆಗೆ ಬಿಳಿ ಥರ್ಮಕೋಲ್ ಹಾಳೆ ಹಿಡಿದು ಬೆಳಕು ಮರಳಿಸಿ. ಚಿತ್ರದಲ್ಲಿ ಅಡ್ಡಪಟ್ಟಿ ಮೂಡಿದರೆ ಅದು ಅಗ್ಗದ ಎಲ್‌ಇಡಿಯ ಮಿಣುಕು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಷಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟಿ ಹೋಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ದೀಪ ತಾರಸಿಯ ಮೇಲಿದೆ. ಬೆಳಿಗ್ಗೆ ಏಳರಿಂದ ಎಂಟೂವರೆಯೊಳಗೆ ಹಲಗೆಯನ್ನು ಮೇಲೆ ಒಯ್ದು, ಪ್ಯಾರಾಪೆಟ್ ಗೋಡೆಗಿಂತ ಎತ್ತರದ ಸ್ಟೂಲಿನ ಮೇಲಿಡಿ. ಹಿಂದೆ ಅಸಲಿ ಆಕಾಶ, ಅದೃಷ್ಟವಿದ್ದರೆ ಅಸಲಿ ಗುಡ್ಡ. ಬಿಸಿಲು ಓರೆಯಾಗಿ ಬೀಳುವಂತೆ ಹಲಗೆ ತಿರುಗಿಸಿದರೆ ಬಂಡೆಯ ಗುಂಡುತನ ಎದ್ದುಬರುತ್ತದೆ. ದುರ್ಗದ ಗಾಳಿಗೆ ಬೋಗಿ ಉರುಳದಂತೆ ಒಳಗೆ ನಟ್ಟು, ವಾಷರ್ ಅಂಟಿಸಿ ಒಟ್ಟು ತೂಕ 170 ಗ್ರಾಂಗೆ ತನ್ನಿ. ಹತ್ತಿಂಚಿನ ಬೋಗಿಗೆ ಅದೇ ಸರಿಯಾದ ತೂಕ, ಹಳಿ ತಪ್ಪುವುದೂ ಕಡಿಮೆಯಾಗುತ್ತದೆ.

ಕ್ಲಿಕ್ಕಿಸುವ ಮೊದಲು ಮೆತ್ತನೆಯ ಬ್ರಷ್ಷಿನಿಂದ ಇಡೀ ನೋಟ ಗುಡಿಸಿ. ಒಂದು ತಲೆಗೂದಲು ಇಲ್ಲಿ ಆರು ಮಿ.ಮೀ. ದಪ್ಪದ ಹಗ್ಗ. ಬಿಸಿಲು ಚುರುಕಾಗುವ ಮೊದಲೇ ಕೆಳಗಿಳಿಸಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಸ್ಲೀಪರ್ ಸೊಟ್ಟಗಾಗುತ್ತದೆ. ಮುಚ್ಚಿಡಲು ಹಳೆಯ ಪಂಚೆ ಬೇಡ, ಅದರ ಎಳೆಯೆಲ್ಲ ಜಾಲಿಮರಕ್ಕೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆಯನ್ನೇ ಹೊದಿಸಿ.